ಕೆಲೆರಾ ಕೇಳಿ ಪಡೆದ ಬೆಳಗಿನ ಕಾರು

ಡೀಸೆಲ್ ಎಂಜಿನ್ನಿನ ವಿಷಯದಲ್ಲಿ ನನ್ನ ಜೊತೆ ಯಾರೂ ವಾದಕ್ಕೆ ಬರಬಾರದು. ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಕಬ್ಬಿನ ರೈಲಿನ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿದವನು ನಾನು, ಅಪ್ಪಲ್‌ಸಾಮಿ. ಮ್ಯಾನೇಜರುಗಳೇ ನನಗೆ ಎದುರಾಡುತ್ತಿರಲಿಲ್ಲ. ಅಂಥ ನನ್ನನ್ನು ವಾದದಲ್ಲಿ ಸೋಲಿಸಿದವಳು ನಮ್ಮ ದ್ವೀಪದ ಈ ಸಿಂಗತೋಕ ಕಣಿವೆಯಲ್ಲಿ ಒಬ್ಬಳೇ ಒಬ್ಬಳು, ಹೋಟೆಲಿನಲ್ಲಿ ಬ್ರೆಡ್ಡು ಬೇಯಿಸುವ ಕೆಲೆರಾ. ಅವಳ ಕಥೆ ಹೇಳಿದರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ, ಈ ವಯಸ್ಸಿನಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡಲಿ.

ಅವಳ ಊರು ವುನಿದಾವಾ. ನಮ್ಮ ಮನೆಯ ಹಿಂದಿನ ಗುಡ್ಡ ಹತ್ತಿ ಇಳಿದರೆ ನದಿಯ ದಂಡೆಯಲ್ಲಿ ನಲವತ್ತು ಮನೆ, ಒಂದು ಚರ್ಚು, ಒಂದು ಸಭೆಯ ಮನೆ. ಆ ಊರಿನವರು ಪಟ್ಟಣಕ್ಕೆ ಹೋಗಬೇಕೆಂದರೆ ನಮ್ಮ ಗೇಟಿನ ಮುಂದೆಯೇ ಹಾಯಬೇಕು. ಕೆಲೆರಾ ಸಣ್ಣವಳಿದ್ದಾಗಲೇ ತಾಯಿ ಸತ್ತಳು. ಸಾಕಿದವಳು ಸೋದರತ್ತೆ ಲೋಸಾನಾ. ದೊಡ್ಡವಳಾದ ಮೇಲೆ ಮದುವೆಯಾಯಿತು, ಗಂಡನೂ ತೀರಿಕೊಂಡು ಈಗ ಒಂಬತ್ತು ವರ್ಷ. ಮಕ್ಕಳಿಲ್ಲ. ಅಗಲ ಭುಜ, ಕಡಿಮೆ ಮಾತು, ನಕ್ಕರೆ ಮಾತ್ರ ಆಚೆ ದಂಡೆಗೆ ಕೇಳಿಸಬೇಕು.

ಕಡಲ ದಂಡೆಯ ಹೋಟೆಲಿನ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ ಅವಳು ಮಧ್ಯಾಹ್ನದ ಪಾಳಿಯ ಕೈಯಾಳು. ಹಿಟ್ಟು ಕಲಸುವವಳು ಇವಳು, ಹೆಸರು ಬೇರೆಯವರದು. ಕಾರಣ ಬಸ್ಸು. ಮೊದಲ ಬಸ್ಸು ನಮ್ಮ ಗೇಟಿಗೆ ಬರುವುದೇ ಆರೂವರೆಗೆ, ಬ್ರೆಡ್ಡಿನ ಒಲೆ ಹೊತ್ತುವುದು ಆರಕ್ಕೆ. ಕಳೆದ ವರ್ಷ ಮುಖ್ಯ ಬೇಕರಿಯವನು ಕೆಲಸ ಬಿಟ್ಟಾಗ ಮ್ಯಾನೇಜರ್ ಇವಳನ್ನು ಕರೆದು ಮಾತು ಕೊಟ್ಟನಂತೆ: ನೀನು ಶುರು ಮಾಡಿದ ದಿನದಿಂದ ಮೂರು ತಿಂಗಳು, ದಿನವೂ ಆರಕ್ಕೆ ಸರಿಯಾಗಿ ಒಲೆಯ ಮುಂದೆ ನಿಲ್ಲಬೇಕು, ಒಂದು ದಿನವೂ ತಡವಾಗಬಾರದು; ನಿಂತರೆ ಆ ಜಾಗ ನಿನ್ನದು. ಇವಳು ಹೂಂ ಎಂದು ಬಂದಳು. ಹೇಗೆ ಹೋಗುತ್ತೀಯಾ ಎಂದು ನಾನು ಕೇಳಿದರೆ, "ಕಾರಲ್ಲಿ," ಎಂದಳು. ಕಾರೇ ಇರಲಿಲ್ಲ.

ಆ ಕಾರು ಸಿಕ್ಕಿದ್ದು ಒಬ್ಬ ಕಬ್ಬಿನ ರೈತನ ಕೊಟ್ಟಿಗೆಯಲ್ಲಿ. ಜಪಾನಿನದು, ಇಪ್ಪತ್ತಾರು ವರ್ಷ ಹಳೆಯದು, ಹಿಂದೆ ಉದ್ದ ಡಿಕ್ಕಿ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ನಾನು ಒಂದು ಸುತ್ತು ಬಂದು, ಬೇಡ, ಇದು ಕಾರಲ್ಲ ಕೋಳಿಗೂಡು, ನಡಿ ಹೋಗೋಣ ಎಂದೆ. ಅವಳು ಕದಲಲಿಲ್ಲ. ಒಮ್ಮೆ ಸ್ಟಾರ್ಟ್ ಮಾಡು ಎಂದಳು. ನನ್ನ ಬ್ಯಾಟರಿ ತಂದು ಕೊಟ್ಟೆ. ಎಂಜಿನ್ನು ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಕುಂಟುತ್ತಾ ಓಡಿತು. ಅವಳು ಬಾನೆಟ್ಟಿಗೆ ಕಿವಿ ಕೊಟ್ಟು ನಿಂತಳು.

"ಮೂರು ಸರಿಯಾಗಿ ಹೊಡೀತಿವೆ, ಒಂದು ಮಾತ್ರ ತಡವಾಗಿ ಏಳ್ತಿದೆ. ಹೊಟ್ಟೆ ಗಟ್ಟಿ ಇದೆ, ಮಾಮ."

"ಹೌದು ತಾಯಿ, ಮೂವತ್ತೊಂದು ವರ್ಷ ನಾನು ಕತ್ತೆ ಕಾದೆ. ನೀನೇ ಹೇಳು."

"ಹಿಟ್ಟು ಕಲಸೋ ಮಿಷನ್ನಿನ ಸದ್ದು ಹದಿನಾಲ್ಕು ವರ್ಷದಿಂದ ಕೇಳ್ತಿದೀನಿ. ಸಾಯೋ ಮಿಷನ್ನು ಹೀಗೆ ಕೂಗಲ್ಲ."

ನನಗೆ ಮೈ ಉರಿಯಿತು. ಅವಳ ಬಾಯಿ ಮುಚ್ಚಿಸಲೆಂದೇ ಕಾರನ್ನು ಎಳೆಸಿಕೊಂಡು ಮನೆಗೆ ತಂದು ಒಂದೊಂದೇ ಸಿಲಿಂಡರಿಗೆ ಒತ್ತಡ ಅಳೆಯುವ ಗೇಜು ಇಟ್ಟು ನೋಡಿದೆ. ನಾಲ್ಕೂ ಸಮ. ಎಣ್ಣೆ ಚಿಮ್ಮಿಸುವ ಒಂದು ನಾಝಲ್ ಕಟ್ಟಿಕೊಂಡಿತ್ತು, ಒಂದು ಹೀಟರ್ ಪ್ಲಗ್ ಸುಟ್ಟಿತ್ತು, ಅಷ್ಟೇ. ಗೇಜನ್ನು ಒರೆಸಿ ಪೆಟ್ಟಿಗೆಗೆ ಹಾಕಿದೆ, ಅವಳು ಹೋಗಿ ರೈತನಿಗೆ ದುಡ್ಡು ಎಣಿಸಿ ಬಂದಳು. ಅವಳು ಗೆದ್ದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

ರಿಪೇರಿಗೆ ನಾನು ಒಂದು ಷರತ್ತು ಹಾಕಿದೆ: ಪಾನಾ ಹಿಡಿಯುವುದು ನೀನು, ಬೈಯುವುದು ನಾನು. ಐದು ವಾರ ಬಿಡುವಿನ ದಿನಗಳಲ್ಲಿ ಬಂದು ದುಡಿದಳು. ನಾಝಲ್ ತೊಳೆದಳು, ಬೆಲ್ಟು ಬದಲಿಸಿದಳು, ತುಕ್ಕು ತಿಂದ ತಳಕ್ಕೆ ತಗಡು ಹೊಡೆದಳು. ಡೀಸೆಲ್ ಗಾಡಿ ಪೂರ್ತಿ ಖಾಲಿಯಾದರೆ ಪೈಪಿಗೆ ಗಾಳಿ ಹೊಗುತ್ತದೆ, ಆಮೇಲೆ ಎಣ್ಣೆ ಸುರಿದರೂ ಏಳುವುದಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತಬೇಕು. ಅದನ್ನು ಕಣ್ಣು ಮುಚ್ಚಿಕೊಂಡು ಮಾಡುವ ತನಕ ಬಿಡಲಿಲ್ಲ ನಾನು. ತಪಾಸಣೆಯವನು ಕಾರಿನಡಿ ನುಸುಳಿ ಟಾರ್ಚು ಹಾಕಿ ನೋಡಿ, ಓಡಿಸಬಹುದು ಎಂದು ಚೀಟಿ ಬರೆದುಕೊಟ್ಟ. ಅವನ ಮುಂದೆಯೇ ಗಾಳಿಯ ಕಿಂಡಿಯಿಂದ ಒಂದು ಕೋಳಿ ಪುಕ್ಕ ಹಾರಿ ಬಂತು. ಇಬ್ಬರೂ ನೋಡಲಿಲ್ಲ ಎನ್ನುವ ಹಾಗೆ ನಿಂತೆವು.

ಎಂಜಿನ್ನು ನನಗೆ ಚಿಂತೆಯಾಗಿರಲಿಲ್ಲ. ಚಿಂತೆ ಅವಳ ಊರಿನದು. ಅಲ್ಲಿ ಕೆರೆಕೆರೆ ಎಂಬ ಪದ್ಧತಿ ಇದೆ. ಬಂಧು ಬಂದು ಒಂದು ವಸ್ತುವನ್ನು ಬೇಕು ಎಂದು ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ. ಅಂದವರು ಮತ್ತೆ ಊರಲ್ಲಿ ಮುಖ ಎತ್ತುವ ಹಾಗಿಲ್ಲ. ಕೆಲೆರಾಳ ಗಂಡ ಒಂದು ಸಣ್ಣ ಲಾರಿ ಕೊಂಡಿದ್ದ. ಮದುವೆಗೆ, ಸಾವಿಗೆ, ಗೆಣಸಿಗೆ, ಹಂದಿಗೆ ಎಂದು ಎರಡು ವರ್ಷ ಕೊಟ್ಟೂ ಕೊಟ್ಟೂ ಅದು ಮುಗಿಯಿತು. ಅದರ ಎಲುಬಿನ ಮೇಲೆ ಈಗ ಕುಂಬಳಬಳ್ಳಿ ಹಬ್ಬಿದೆ. ದಿನವೂ ಅದನ್ನು ನೋಡುತ್ತಾ ಬದುಕಿದವಳು ಇವಳು.

ಕಾರು ಊರು ಮುಟ್ಟಿದ ದಿನವೇ ಅತ್ತೆಯ ಮಗ ಅಪಿಸಾಯಿ ಮುಂದಿನ ಸೀಟಿನಲ್ಲಿ ಕೂತು, ಊರಿಗೆ ಕಾರು ಬಂತು ಎಂದು ಸಾರಿದ. ಅತ್ತೆಯ ಮಗ ಎಂದರೆ ಅಲ್ಲೂ ಚೇಷ್ಟೆಯ ಸಂಬಂಧ, ಬಾಯಿಗೆ ಬಂದದ್ದು ಅನ್ನಬಹುದು. ಆ ವಾರವೇ ಕಾರು ಸಂತೆಗೆ ಹೋಯಿತು, ಒಂದು ಸಾವಿಗೆ ಹೋಯಿತು. ಭಾನುವಾರ ಚರ್ಚಿನ ಹಾಡಿನವರು ಒಂಬತ್ತು ಜನ ಅದರಲ್ಲಿ ತುಂಬಿಕೊಂಡು ಪಕ್ಕದ ಕಣಿವೆಗೆ ಹೋದರು. ಬರುವಾಗ ಟ್ಯಾಂಕು ಖಾಲಿ. ಹಾಡುತ್ತಾ ತಳ್ಳಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿ, ದೇವರು ಒಳ್ಳೆಯದು ಮಾಡಲಿ ಎಂದು ಹೋದರು.

ಮರುದಿನ ಸೋಮವಾರ, ಅವಳ ಲೆಕ್ಕದ ಮೊದಲ ದಿನ. ಮುಂಜಾನೆ ಐದಕ್ಕೆ ಕಾರು ಏಳಲಿಲ್ಲ. ಅವಳು ಗಾಬರಿಯಾಗಲಿಲ್ಲ, ಯಾರನ್ನೂ ಎಬ್ಬಿಸಲಿಲ್ಲ. ಕ್ಯಾನಿನಲ್ಲಿದ್ದ ಡೀಸೆಲ್ ಸುರಿದು, ಸ್ಕ್ರೂ ಸಡಿಲಿಸಿ, ಪಂಪು ಒತ್ತಿ ಗಾಳಿ ತೆಗೆದಳು. ಒಲೆಯ ಮುಂದೆ ನಿಂತಾಗ ಆರಕ್ಕೆ ಎರಡು ನಿಮಿಷ ಇತ್ತಂತೆ, ಮೊಣಕೈವರೆಗೆ ಡೀಸೆಲ್ ವಾಸನೆ. ಸಂಜೆ ನನಗೆ ಸಿಟ್ಟು ನೆತ್ತಿಗೇರಿತು. ಗೇಟಿನಲ್ಲಿ ಅವಳನ್ನು ತಡೆದು, ಕೀ ಬಚ್ಚಿಡು, ಕೆಟ್ಟಿದೆ ಅಂತ ಸುಳ್ಳು ಹೇಳು ಎಂದೆ. ಅವಳು ಆಗಲ್ಲ ಎಂದು ತಲೆಯಾಡಿಸಿದಳು.

"ಅವರು ಕೇಳಿದ್ರೆ ನಾನು ಇಲ್ಲ ಅನ್ನೋಕಾಗಲ್ಲ, ಸರಿ. ನಾನು ಕೇಳಿದ್ರೆ ಅವರು ಇಲ್ಲ ಅಂತಾರಾ?"

ಶನಿವಾರ ನನ್ನನ್ನೂ ಕರೆದುಕೊಂಡು ಸಭೆಯ ಮನೆಗೆ ಹೋದಳು. ಅಲ್ಲಿನವರು ಕುಟ್ಟಿ ಕುಡಿಯುವ, ಏನಾದರೂ ಕೇಳುವಾಗ ಕಾಣಿಕೆಯಾಗಿ ಇಡುವ ಯಂಗೋನ ಬೇರಿನ ದೊಡ್ಡ ಕಟ್ಟನ್ನು ಊರಿನ ಮುಖಂಡನ ಮುಂದಿಟ್ಟು, ಎಲ್ಲರಿಗಿಂತ ಕೆಳಗಿನ ಚಾಪೆಯ ತುದಿಯಲ್ಲಿ ಕೂತು, ಅಲ್ಲಿನ ರೀತಿಯಂತೆ ಅಂಗೈ ಬೊಗಸೆ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದಳು. ಕಾರು ಊರಿನದು, ಅಪಿಸಾಯಿ ಹೇಳಿದ್ದು ನಿಜ ಎಂದಳು. ಆಮೇಲೆ ಕೇಳಿದಳು: "ಆ ಕಾರಿನ ಬೆಳಗಿನ ಹೊತ್ತು ನನಗೆ ಬೇಕು. ಐದು ಗಂಟೆಯಿಂದ ನಾನು ಕೆಲಸ ಮುಗಿಸಿ ಬರೋವರೆಗೆ. ಆ ಹೊತ್ತಿಗೆ ಅದರ ಹೊಟ್ಟೆಯಲ್ಲಿ ಎಣ್ಣೆಯೂ ಇರಬೇಕು. ಇದು ನನ್ನ ಕೆರೆಕೆರೆ."

ತನ್ನ ಕಾರನ್ನು ತಾನೇ ಬೇಡುವವಳನ್ನು ಎಲ್ಲೂ ಕಂಡಿಲ್ಲ ಎಂದು ಅಪಿಸಾಯಿ ಗೊಣಗಿದ. ಮೂಲೆಯಲ್ಲಿ ಕೂತಿದ್ದ ಲೋಸಾನಾ ಮಾತ್ರ ಕಿಸಕ್ಕೆಂದು ನಕ್ಕು, "ನಾನು ಸಾಕಿದ್ದು," ಎಂದಳು. ಮುಖಂಡ ಬೇರನ್ನು ಮುಟ್ಟಿದ. ಮುಟ್ಟಿದ ಎಂದರೆ ಊರು ಕೊಟ್ಟ ಹಾಗೆ.

ಕೊಟ್ಟ ಮಾತನ್ನು ಊರು ಹೇಗೆ ಕಾಯಿತು ಎನ್ನುತ್ತೀರಿ. ಸಂಜೆ ಒಯ್ದವರು ರಾತ್ರಿಯೊಳಗೆ ತಂದು ಬಿಡುತ್ತಿದ್ದರು, ಎಣ್ಣೆ ಹಾಕಿಸುತ್ತಿದ್ದರು, ಒಮ್ಮೆ ತೊಳೆದೂ ಇದ್ದರು. ದಿನವೂ ಐದೂ ಹತ್ತಕ್ಕೆ ಆ ಕಾರು ನಮ್ಮ ಗೇಟು ದಾಟುತ್ತಿತ್ತು. ನಾನು ಹಸು ಕರೆಯುತ್ತಾ ಕಿವಿ ಕೊಡುತ್ತಿದ್ದೆ. ನಾಲ್ಕೂ ಸಿಲಿಂಡರು ಒಂದೇ ತಾಳ. ಹೆಮ್ಮೆ ಎನಿಸುತ್ತಿತ್ತು, ಯಾಕೆ ಸುಳ್ಳು ಹೇಳಲಿ. ಹೀಗೆ ಎಪ್ಪತ್ತು ದಿನ ಕಳೆಯಿತು. ಇನ್ನು ಮೂರು ವಾರ ದಾಟಿದರೆ ಒಲೆ ಅವಳದು.

ಎಪ್ಪತ್ತೊಂದನೆಯ ದಿನ ಬೆಳ್ಳಗೆ ಬೆಳಕು ಹರಿಯುತ್ತಿದ್ದಾಗ ನಮ್ಮ ಗೇಟಿನ ಮುಂದೆ ಒಂದು ಕುದುರೆ ನಿಂತಿತ್ತು. ಮೇಲೆ ಲೋಸಾನಾ, ಹಗ್ಗ ಹಿಡಿದವನು ಅಪಿಸಾಯಿ. ಆಕೆಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೀವಾಗಿ, ಪಾದ ಊದಿ ಕಪ್ಪಾಗಿತ್ತು, ಮೈ ಸುಡುತ್ತಿತ್ತು. ನಾಲ್ಕಕ್ಕೇ ಹೊರಟು ಗುಡ್ಡ ಹತ್ತಿಸಿ ಇಳಿಸಿ ಬಂದಿದ್ದರು, ಆರೂವರೆಯ ಬಸ್ಸು ಹಿಡಿಯಲು. ಕಾರು ಮನೆಯ ಪಕ್ಕದಲ್ಲೇ ಇತ್ತಲ್ಲೋ ಬೆಪ್ಪೇ ಎಂದು ನಾನು ಅಪಿಸಾಯಿಯ ಮೇಲೆ ರೇಗಿದೆ. ಯಾವಾಗಲೂ ಹರಟುವವನು ಹಗ್ಗವನ್ನು ಕೈಗೆ ಸುತ್ತಿಕೊಂಡ.

"ಬೆಳಗ್ಗೆ ಅವಳದ್ದು," ಎಂದ. "ನಾಲ್ಕಕ್ಕೆ ಒಯ್ದರೆ ಐದಕ್ಕೆ ತಂದು ಬಿಡೋಕಾಗಲ್ಲ. ಕೊಟ್ಟಾಗಿದೆ."

ಅಷ್ಟರಲ್ಲಿ ಕಾರಿನ ಸದ್ದು ತಿರುವಿನಲ್ಲಿ ಕೇಳಿತು. ಕೆಲೆರಾ ಬ್ರೇಕು ಒತ್ತಿ ಇಳಿದು ಓಡಿ ಬಂದು ಅತ್ತೆಯ ಪಾದ ನೋಡಿದಳು. ಹತ್ತಿಸು, ಪಟ್ಟಣದ ಆಸ್ಪತ್ರೆಗೆ ಎಂದಳು. ಕುದುರೆಯ ಮೇಲಿನಿಂದ ಮುದುಕಿ ಇಳಿಯಲಿಲ್ಲ.

"ನಿನಗೆ ಹೊತ್ತಾಗುತ್ತೆ, ಹೋಗು. ನೀನು ಊರಿನ ಮುಂದೆ ಕೂತು ಕೇಳಿದೆ, ನಾವು ಕೊಟ್ವಿ. ಕೊಟ್ಟಿದ್ದರೊಳಗೆ ನಾನೇ ಹತ್ತಿ ಕೂತ್ರೆ ನಮ್ಮ ಮಾತಿಗೇನು ಬೆಲೆ? ನನಗೆ ಬಸ್ಸಿದೆ."

ಕೆಲೆರಾ ಬೇಡಿಕೊಂಡಳು, ಗದರಿದಳು. ನಾನೂ ಗದರಿದೆ. ಆಕೆ ಕುದುರೆಯ ಕುತ್ತಿಗೆಯ ಕೂದಲನ್ನು ಹಿಡಿದು ಎತ್ತಲೋ ನೋಡುತ್ತಾ ಕೂತಿದ್ದಳು. ನಿಮಿಷಗಳು ಹೋಗುತ್ತಿದ್ದವು. ಆಗ ಕೆಲೆರಾ ಕಾರಿನಿಂದ ತನ್ನ ಚೀಲ ತೆಗೆದಳು. ಬೇರಿನ ಕಟ್ಟು ಎಲ್ಲಿಂದ ಬರಬೇಕು, ಇದ್ದದ್ದು ಹಿಂದಿನ ದಿನದ ಬ್ರೆಡ್ಡು. ಅದನ್ನು ಕುದುರೆಯ ಕಾಲ ಬಳಿ ಇಟ್ಟು, ಹೋಟೆಲಿನ ಬಿಳಿ ಅಂಗಿಯಲ್ಲೇ ಜಲ್ಲಿಯ ಮೇಲೆ ಕೂತು, ಅಂಗೈ ಬೊಗಸೆ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದಳು.

"ಅತ್ತೆ, ಇನ್ನೊಂದು ಕೇಳ್ತೀನಿ. ನಿನ್ನ ಕಾಲು ನನಗೆ ಬೇಕು. ಅದನ್ನ ಈ ಕಾರಲ್ಲಿ ಇಡು."

ಲೋಸಾನಾ ತುಂಬ ಹೊತ್ತು ಅವಳ ನೆತ್ತಿಯನ್ನೇ ನೋಡಿದಳು. ಇಲ್ಲ ಎನ್ನುವ ಹಾಗಿರಲಿಲ್ಲ.

"ಸಕ್ಕರೆ ಕಾಯಿಲೆಯವಳಿಗೆ ಬ್ರೆಡ್ಡು ಇಟ್ಟು ಕೇಳ್ತಾಳೆ, ನೋಡಪಾ ಸಾಮಿ," ಎಂದು ನನಗೆ ಹೇಳಿ, ಕೈ ಚಾಚಿದಳು. ನಾವು ಮೂವರೂ ಸೇರಿ ಇಳಿಸಿದೆವು. ನನಗೆ ಕಣ್ಣು ತುಂಬಿ ಬಂದಿತ್ತು. ಹೊಗೆಗೆ ಅಂದುಕೊಳ್ಳಲಿ ಎಂದು ಎಂಜಿನ್ನಿನ ಕಡೆ ತಿರುಗಿ ನಿಂತೆ. ಆ ಎಂಜಿನ್ನು ಹೊಗೆ ಬಿಡುವುದಿಲ್ಲ.

ಅತ್ತೆಯ ಎರಡು ಕಾಲ್ಬೆರಳು ಹೋದವು, ಕಾಲು ಉಳಿಯಿತು. ಇನ್ನೊಂದೆರಡು ಗಂಟೆ ಬಿಟ್ಟಿದ್ದರೆ ಮೊಣಕಾಲಿನವರೆಗೆ ತೆಗೆಯಬೇಕಿತ್ತು ಎಂದರಂತೆ ಡಾಕ್ಟರು. ಕೆಲೆರಾ ಒಲೆಯ ಮುಂದೆ ನಿಂತಾಗ ಆರೂಮುಕ್ಕಾಲು. ಮ್ಯಾನೇಜರ್ ಎಲ್ಲ ಕೇಳಿಸಿಕೊಂಡು, ಮಾತು ಮಾತೇ, ನಾಳೆಯಿಂದ ಮತ್ತೆ ಒಂದು ಎಂದು ಎಣಿಸೋಣ ಎಂದನಂತೆ. ಇವಳು ಸರಿ ಎಂದು ಕೈ ತೊಳೆದುಕೊಂಡು ಹಿಟ್ಟಿಗೆ ಕೈ ಹಾಕಿದಳು.

ಎಪ್ಪತ್ತು ದಿನ ನೀರಲ್ಲಿ ಹೋಯಿತಲ್ಲ, ಹೊಟ್ಟೆ ಉರಿಯುವುದಿಲ್ಲವಾ ಎಂದು ಸಂಜೆ ಗೇಟಿನಲ್ಲಿ ಕೇಳಿದೆ.

"ಎಪ್ಪತ್ತು ಮಾಡಿದೋಳು ತೊಂಬತ್ತು ಮಾಡ್ತೀನಿ, ಅದಕ್ಕೇನು. ಅತ್ತೆ ನನ್ನ ಬಾಗಿಲ ಮುಂದೇ ಕುದುರೆ ಹತ್ತಿ ಹೋದ್ಲು, ಮಾಮ. ತಟ್ಟಲಿಲ್ಲ. ಉರಿಯೋದು ಅದು." ಅಷ್ಟು ಹೇಳಿ, ಸ್ಟೀರಿಂಗ್ ಹಿಡಿದುಕೊಂಡು ಅತ್ತಳು.

ಆ ಎರಡನೆಯ ಲೆಕ್ಕವನ್ನು ಒಂದು ದಿನವೂ ತಪ್ಪದೆ ಮುಗಿಸಿದಳು. ಒಲೆ ಈಗ ಅವಳದೇ. ಕಾರಿನ ಕೀ ಅವಳ ಮನೆಯ ಹೊರಗಿನ ಕಂಬದ ಮೊಳೆಯಲ್ಲಿ ತೂಗುತ್ತಿರುತ್ತದೆ, ಅವಳು ಮನೆಯಲ್ಲಿರುವಷ್ಟು ಹೊತ್ತೂ. ಬೆಳಗ್ಗೆ ಕೂಡ ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂದು ಸಭೆಯಲ್ಲಿ ಹೇಳಿದ್ದಾಳೆ. ಆದರೂ ಐದು ಗಂಟೆಗೆ ಅವಳು ಎದ್ದು ಬರುವ ತನಕ ಕೀ ಆ ಮೊಳೆಯಲ್ಲೇ ಇರುತ್ತದೆ.