ಮಗ್ಗದ ಮನೆಯ ಕಾಲಪ್ರಮಾಣ

ನಾವು ಮೊಳಕಾಲ್ಮೂರಿಗೆ ಬಂದ ಮೂರನೆಯ ದಿನ, ನಡುಹಗಲಿನಲ್ಲಿ, ದೇವರ ಮನೆಯ ಮೂಲೆಯಿಂದ ತೆಂಗಿನಕಾಯಿ ಒಡೆದಂತೆ ಒಂದು ಸದ್ದು ಕೇಳಿತು. ಹೋಗಿ ನೋಡಿದರೆ, ಗವಸು ಹೊದ್ದು ಗೋಡೆಗೊರಗಿದ್ದ ನನ್ನ ತಂಬೂರಿಯ ಬುರುಡೆ ಬಿರುಕು ಬಿಟ್ಟಿತ್ತು. ಯಾರೂ ಮುಟ್ಟಿರಲಿಲ್ಲ, ಏನೂ ತಗುಲಿರಲಿಲ್ಲ. ನಂಜನಗೂಡಿನಲ್ಲಿ, ಕಪಿಲೆಯ ದಡದ ತೇವದಲ್ಲಿ ನಲವತ್ತೆಂಟು ವರ್ಷ ನನ್ನ ಮಡಿಲಲ್ಲಿ ನುಡಿದ ಹಲಸಿನ ಮರ, ಈ ಸೀಮೆಯ ಒಣಗಾಳಿಯನ್ನು ಮೂರು ದಿನ ತಾಳಲಾರದೆ ಹೋಯಿತು. ಗುರುಗಳು ಹರಸಿ ಕೊಟ್ಟ ವಾದ್ಯವದು. ಅದರ ಮುಂದೆ ಕುಳಿತು, ಮಗುವಿನ ಹಣೆ ಮುಟ್ಟುವಂತೆ ಆ ಸೀಳನ್ನು ಮುಟ್ಟಿ, ಈ ಊರು ನಮ್ಮನ್ನು ಒಲ್ಲೆನೆಂದಿತು ಎಂದುಕೊಂಡೆ.

ಮಗಳಿಗೆ ಇಲ್ಲಿಯ ರೇಷ್ಮೆ ಕಚೇರಿಗೆ ವರ್ಗವಾದದ್ದರಿಂದ ನಾನೂ ಬಂದೆ. "ಅಲ್ಲಿ ಹೇಗಿದ್ದೀರಿ?" ಎಂದು ನಮ್ಮ ಊರಿನವರು ಕೇಳುತ್ತಲೇ ಇದ್ದಾರೆ. ಕೂಡಲೇ ಉತ್ತರಿಸಿದ್ದರೆ ಅದು ದೂರಿನ ಪಟ್ಟಿಯಾಗುತ್ತಿತ್ತು. ಒಂದೂವರೆ ವರ್ಷ ಕಳೆದಿದೆ. ಈಗ ಸಾವಧಾನದಿಂದ ಬರೆಯಬಲ್ಲೆ.

ನಂಜನಗೂಡಿನಲ್ಲಿ ಬೆಳಗು ಎಂದರೆ ಹೊಳೆಯ ಸ್ನಾನ, ಒದ್ದೆ ಮೆಟ್ಟಿಲು. ಇಲ್ಲಿ ಬೆಳಗು ಎಂದರೆ ನೀರಿನ ಕ್ಯಾನು ಹಿಡಿದು ಸಾಲು ನಿಲ್ಲುವುದು. ಅಲ್ಲಿ ಅನ್ನವಿಲ್ಲದೆ ಊಟವಿಲ್ಲ; ಇಲ್ಲಿ ಮನೆಯೊಡತಿ ಮೊದಲ ದಿನವೇ ನವಣೆ ಅನ್ನವನ್ನೂ ಶೇಂಗಾ ಚಟ್ನಿಯನ್ನೂ ತಂದಿಟ್ಟು, "ಉಣ್ರಿ ಅಮ್ಮೋರೆ, ಹೊಟ್ಟೆಗೆ ತಂಪು" ಎಂದರು. ಮಾತು ಕನ್ನಡವೇ, ಆದರೆ ಅರ್ಧ ವಾಕ್ಯ ಕಳೆದ ಮೇಲೆ ಅದು ತೆಲುಗಿಗೆ ದಾಟಿಬಿಡುತ್ತಿತ್ತು, ಮಾತನಾಡುವವರಿಗೆ ಗಡಿ ದಾಟಿದ ಅರಿವೇ ಇರುತ್ತಿರಲಿಲ್ಲ. ಸುತ್ತ ಬರಿಯ ಬಂಡೆಗುಡ್ಡ. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಬೀದಿಯ ಹಿಂದಿನ ನೇಕಾರರ ಕೇರಿಯಿಂದ ದಿನವಿಡೀ ಬರುತ್ತಿದ್ದ ಮಗ್ಗದ ಸದ್ದು. ಸಂಧ್ಯಾವಂದನೆಯ ಹೊತ್ತಿನ ಮೌನಕ್ಕೆ ಒಗ್ಗಿದ ಕಿವಿಗೆ ಅದು ಹಲ್ಲುನೋವಿನಂತೆ ಬಾಧಿಸುತ್ತಿತ್ತು. ಸಂಜೆ ನಾನು ಹಾಡಿಕೊಂಡರೆ, ಅದು ಯಾವ ರಾಗವೆಂದು ಕಿಟಕಿಯಾಚೆಯಿಂದ ಕೇಳುವವರು ಇರಲಿಲ್ಲ. ಒಂಟಿತನವೆಂದರೆ ನನಗೆ ಅದೇ.

ತಂಬೂರಿಯನ್ನು ಸರಿಮಾಡುವವರು ಬೆಂಗಳೂರಿನಲ್ಲಿ ಮಾತ್ರ ಸಿಕ್ಕಾರು ಎಂದು ನಾನು ತಿಳಿದಿದ್ದೆ. ಮಗಳ ಕಚೇರಿಯವರೊಬ್ಬರು ಚಳ್ಳಕೆರೆಯ ಬಾಬಾಜಾನ್ ಅವರ ಹೆಸರು ಹೇಳಿದರು. ಅವರು ಲಾರಿಗಳಿಗೆ ಮರದ ಬಾಡಿ ಕಟ್ಟುವವರು. ಗುರುಗಳ ತಂಬೂರಿಯನ್ನು ಲಾರಿ ಷೆಡ್ಡಿನಲ್ಲಿ ಇಳಿಸುವ ಮೊದಲು ನೆಲಕ್ಕೆ ನನ್ನ ಶಾಲು ಹಾಸಿದೆ.

ಬಾಬಾಜಾನ್ ಅದನ್ನು ತಿರುವಿ, ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದರು. "ಮೊಳೆ ಗಿಳೆ ಹೊಡೀಲೇನಮ್ಮಾ?"

"ಶಿವ ಶಿವಾ! ಮೊಳೆಯೇ?"

"ತಮಾಷೆ ಮಾಡ್ದೆ ಬಿಡ್ರಿ. ನಾನೂ ಢೋಲಕ್ ನುಡಿಸೋನೇ. ವಾದ್ಯದ ಹೊಟ್ಟೆಗೆ ಮೊಳೆ ಹೊಡಿಯೋ ಅಷ್ಟು ಪಾಪಿ ಅಲ್ಲ. ಎಂಟು ದಿನ ಬಿಟ್ಟು ಬರ್ರಿ, ಫಿಕರ್ ಮಾಡಬ್ಯಾಡ್ರಿ."

ಎಂಟು ದಿನದ ಮೇಲೆ ಹೋದಾಗ, ಒದ್ದೆ ಬಟ್ಟೆ ಸುತ್ತಿ ಮರವನ್ನು ಮೆಲ್ಲಮೆಲ್ಲನೆ ಹದಕ್ಕೆ ತಂದು, ಹಲಸಿನ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿ, ಹಗ್ಗ ಬಿಗಿದು ಒಣಗಿಸಿದ್ದರು. ನಾನು ತಂತಿ ಮೀಟಿದೆ. ನಾದ ಮೊದಲಿನಂತೆಯೇ ತುಂಬಿ ಬಂದಾಗ ಕಣ್ಣು ಒದ್ದೆಯಾಯಿತು. "ಪಕ್ಕದಾಗೆ ಒಂದು ಮಡಕೇಲಿ ನೀರಿಡ್ರಿ ಅಮ್ಮಾ," ಎಂದರು ಅವರು. "ಅದಕ್ಕೂ ಹೊಸ ಊರಲ್ವಾ, ಬಾಯಾರ್ತದೆ."

ಅದೇ ದಿನ ಅವರು ಒಂದು ಕೋರಿಕೆಯನ್ನು ಮುಂದಿಟ್ಟರು. ಮೊಳಕಾಲ್ಮೂರಿನ ನೇಕಾರ ತಿಪ್ಪೇಸ್ವಾಮಿ ಹಾರ್ಮೋನಿಯಂ ನುಡಿಸುತ್ತಾರೆ, ಅವರ ಅಕ್ಕ ಪಾಲಮ್ಮ ಹಾಡುತ್ತಾರೆ, ಢೋಲಕ್ ತಮ್ಮದು. ತಮ್ಮ ಹಾಡನ್ನು ಒಮ್ಮೆ ಕೇಳಬೇಕು ಎಂದರು. ಮರುದಿನ ಹೋದೆ. ಅದು ನಮ್ಮ ಹಿಂದಿನ ಕೇರಿಯ ಮಗ್ಗದ ಮನೆಯೇ. ಎರಡು ಮಗ್ಗಗಳು, ನೆಲದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ತುಳಿಹಲಗೆಗಳನ್ನು ತುಳಿಯುತ್ತ ನೇಯುವ ಬಗೆ. ಒಂದರಲ್ಲಿ ತಿಪ್ಪೇಸ್ವಾಮಿಯ ತಮ್ಮ ನೇಯುತ್ತಿದ್ದ. ಇನ್ನೊಂದರ ಪಕ್ಕದಲ್ಲಿ ಚಾಪೆ ಹಾಸಿ ಇವರು ಮೂವರೂ ಹಾಡಲು ಕುಳಿತರು.

ಪಾಲಮ್ಮನ ಕಂಠ ಕೇಳಿ ನಾನು ನೆಟ್ಟಗೆ ಕುಳಿತೆ. ಅಂಥ ತುಂಬು ಷಡ್ಜವನ್ನು ಎಷ್ಟೋ ಸಭೆಗಳಲ್ಲಿ ನಾನು ಕೇಳಿರಲಿಲ್ಲ. ಸ್ವರಸ್ಥಾನ ಅಲ್ಲಲ್ಲಿ ಜಾರುತ್ತಿತ್ತು. ಅದು ತಿದ್ದಬಹುದಾದ ದೋಷ. ಹಾಡು ಮುಗಿದ ಮೇಲೆ ಪಾಲಮ್ಮ ನನ್ನ ಮುಖ ನೋಡದೆ ಹೇಳಿದರು:

"ಹೋದ ಸಲ ಚಳ್ಳಕೆರೆ ಹಾಲ್‌ನಾಗೆ ಹಾಡಿದ್ವಿ ಅಮ್ಮೋರೆ. ಮೂರನೇ ಹಾಡು ಅರ್ಧಕ್ಕೆ ಬರ್ತಿದ್ದಂಗೆ ಮೈಕ್ ಆಫ್ ಮಾಡಿಬಿಟ್ರು. ನಾಯಿ ಅಟ್ಟಿಸ್ಕೊಂಡು ಬಂದೋರಂಗೆ ಓಡ್ತಾ ಇದ್ವಂತೆ. ಜನ ನಕ್ರು."

"ಆ ನಾಯಿ ನಾನೇ. ನನ್ನ ಢೋಲಕ್ ಅಂದ್ರು," ಎಂದರು ಬಾಬಾಜಾನ್.

"ಲೇ, ನಗಬ್ಯಾಡಲೇ," ಎಂದು ತಿಪ್ಪೇಸ್ವಾಮಿ ಅವರನ್ನು ತಡೆದು ನನ್ನತ್ತ ತಿರುಗಿದರು. "ಈಗ ಆ ಹಾಲ್‌ನೋರೇ ಇನ್ನೊಂದ್ ಸಲ ಕರ್ದವ್ರೆ, ಒಂದು ಗಂಟೆ ಕೊಟ್ಟವ್ರೆ. ಮೂರು ತಿಂಗಳೈತೆ. ನಾವು ಕೂಲಿ ನೇಯೋರು ಅಮ್ಮೋರೆ, ಅದಕ್ಕೇನು? ಹಾಡಕ್ಕೆ ಕೂತ್ರೆ ಕಛೇರಿ ಮಾಡೋ ದೊಡ್ಡೋರಂಗೇ ಇರ್ಬೇಕು. ಪಾಪ, ಬಡವ್ರು, ಚೆನ್ನಾಗೇ ಹಾಡಿದ್ರು ಅಂತ ಯಾರೂ ಅನ್ನಬಾರ್ದು."

"ಈ ಸಲಾನೂ ಮೈಕ್ ಆಫ್ ಆದ್ರೆ ನಾನು ಇನ್ನ ಬಾಯಿ ತೆಗಿಯಂಗಿಲ್ಲ," ಎಂದರು ಪಾಲಮ್ಮ. "ಮನೇಲೂ ಹಾಡಂಗಿಲ್ಲ."

ಅದು ಬೆದರಿಕೆಯಲ್ಲ, ನಿಶ್ಚಯವೆಂದು ಅವರ ಮುಖ ನೋಡಿದವರಿಗೆ ತಿಳಿಯುತ್ತಿತ್ತು. ನಾನು ಅವರಿಗೆ ಕಲಿಸಲು ಒಪ್ಪಿದೆ, ಎರಡು ನಿಬಂಧನೆಗಳೊಡನೆ. ಅಭ್ಯಾಸ ಈ ಗದ್ದಲದಲ್ಲಿ ಕೂಡದು, ನಮ್ಮ ಮನೆಯ ನಡುಮನೆಯಲ್ಲಿ, ತಂಬೂರಿಯ ಶ್ರುತಿಯಲ್ಲಿ ಆಗಬೇಕು. ವಾಗ್ದೇವಿಯ ಪಟದ ಮುಂದೆ ಎಲ್ಲರೂ ಕಾಲು ಮಡಿಸಿ ನೆಟ್ಟಗೆ ಕೂತು, ತೊಡೆಯ ಮೇಲೆ ಕೈಯಲ್ಲಿ ತಾಳ ಹಾಕಬೇಕು. ನನ್ನ ಗುರುಗಳು ನನಗೆ ಕಲಿಸಿದ ಕ್ರಮ ಅದು. ಬೇರೆ ಕ್ರಮವೊಂದು ಇದ್ದೀತೆಂದು ನನಗೆ ಹೊಳೆದೂ ಇರಲಿಲ್ಲ.

ಎರಡು ತಿಂಗಳಲ್ಲಿ ಶ್ರುತಿ ನೆಲೆಗೊಂಡಿತು. ಪಾಲಮ್ಮನ ಮಧ್ಯಮಾವತಿ ಕೇಳಲು ಮನೆಯೊಡತಿ ಕದಲದೆ ಕೂರುತ್ತಿದ್ದರು. ಆದರೆ ಕಾಲಪ್ರಮಾಣ ನಿಲ್ಲಲಿಲ್ಲ. ಹಾಡು ಆರಂಭವಾದ ನಡೆಯಲ್ಲೇ ಕೊನೆಯವರೆಗೂ ಸಾಗುವುದಕ್ಕೆ ನಮ್ಮವರು ಆ ಹೆಸರಿಟ್ಟಿದ್ದಾರೆ. ಕೇಳುವವರಿಗೆ ಕಲಿತವರೂ ಕಲಿಯದವರೂ ಬೇರೆಯಾಗಿ ಕಾಣುವುದು ಅಲ್ಲಿಯೇ. ಇವರು ಪಲ್ಲವಿಯನ್ನು ಗಾಂಭೀರ್ಯದಿಂದ ಎತ್ತುವರು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಇಳಿಜಾರಿನ ಬಂಡಿಯಾಗುವರು. ಪಾಲಮ್ಮನೇ ನಡುನಡುವೆ "ಮೆಲ್ಲಗಾ, ಮೆಲ್ಲಗಾ" ಎಂದು ತೆಲುಗಿನಲ್ಲಿ ಬೇಡಿಕೊಳ್ಳುತ್ತ, ತಾವೇ ಎಲ್ಲರಿಗಿಂತ ಮುಂದೆ ಓಡುವರು. ನಾನು ಗದರಿದೆ. ಒಂದು ದಿನ "ನಿಮಗೆ ಬಸ್ಸು ತಪ್ಪಿಹೋಗುತ್ತದೆಯೇ?" ಎಂದು ಕೇಳಿಯೂಬಿಟ್ಟೆ.

"ನನಗೆ ತಪ್ತದಮ್ಮಾ, ಐದೂವರೆದು," ಎಂದರು ಚಳ್ಳಕೆರೆಯಿಂದ ಬರುತ್ತಿದ್ದ ಬಾಬಾಜಾನ್. ಯಾರೂ ನಗಲಿಲ್ಲ.

ಹತ್ತು ದಿನ ಉಳಿದಿದ್ದಾಗ ನನ್ನ ಭರವಸೆ ಉಡುಗಿತು. ಪಾಲಮ್ಮನಿಗೆ ಇನ್ನೊಮ್ಮೆ ಅಂಥ ಅವಮಾನವಾಗುವುದಕ್ಕಿಂತ, ಈ ಸಲ ಬರಲಾಗದೆಂದು ಹೇಳಿ ಕಳುಹಿಸುವುದೇ ಲೇಸು ಎಂದು ನಿಶ್ಚಯಿಸಿ, ಬೆಳಗಿನ ಪೂಜೆ ಮುಗಿಸಿ ಮಗ್ಗದ ಮನೆಗೆ ಹೊರಟೆ.

ಬಾಗಿಲಲ್ಲೇ ಕಾಲು ತಡೆಯಿತು. ಒಳಗೆ ತಿಪ್ಪೇಸ್ವಾಮಿ ಸೀರೆಯ ಒಡಲು ನೇಯುತ್ತಿದ್ದರು. ಪಾಲಮ್ಮ ಗೋಡೆಯ ಬದಿಗೆ ಕೂತು, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಇಬ್ಬರೂ ಹಾಡುತ್ತಿದ್ದರು, ಹಿಂದಿನ ದಿನ ನಮ್ಮ ಮನೆಯಲ್ಲಿ ಚೆಲ್ಲಾಪಿಲ್ಲಿಯಾದ ಅದೇ ದಾಸರ ಪದ. ನಾನು ಸೆರಗಿನ ಮರೆಯಲ್ಲಿ ಬೆರಳೆಣಿಸುತ್ತ ತಾಳ ಹಾಕಿದೆ. ಪಲ್ಲವಿ, ಅನುಪಲ್ಲವಿ, ಮೂರು ಚರಣ. ಒಂದು ಅಕ್ಷರಕಾಲವೂ ಅತ್ತಿತ್ತ ಸರಿಯಲಿಲ್ಲ. ನನ್ನ ಗುರುಗಳೇ ಬಂದಿದ್ದರೂ ತಲೆದೂಗುವಂತಿತ್ತು.

"ತಿಪ್ಪೇಸ್ವಾಮಿ, ನಿನ್ನೆ ಓಡಿದ ಹಾಡು ಇಂದು ಹೇಗೆ ನಿಂತಿತು?" ಎಂದು ಕೇಳಿದೆ.

ಅವರು ಬೆಚ್ಚಿ ಲಾಳಿ ಹಿಡಿದು ನಿಲ್ಲಿಸಿದರು. "ಇಲ್ಲಿ ಎಲ್ಲಿ ಓಡಕ್ಕಾಗ್ತದೆ ಅಮ್ಮೋರೆ? ಕಾಲು ತುಳೀಬೇಕು, ಲಾಳಿ ಬಿಡಬೇಕು, ಹಲಗೆ ಬಡೀಬೇಕು. ಓಡಿದ್ರೆ ಎಳೆ ಕಡಿತದೆ."

ನಾನು ಅಲ್ಲಿಯೇ ಚಾಪೆಯ ಮೇಲೆ ಕುಳಿತುಬಿಟ್ಟೆ. ವರ್ಷಗಟ್ಟಲೆ ಇವರು ಹಾಡಿದ್ದು ಮಗ್ಗದ ಸದ್ದಿನೊಳಗೆ. ತಾವು ನೇಯದಾಗಲೂ ತಮ್ಮನ ಮಗ್ಗ ನಡೆಯುತ್ತಲೇ ಇರುತ್ತಿತ್ತು. ಉಸಿರಿನಷ್ಟು ಸಹಜವಾದ್ದರಿಂದ ಅದು ಅವರ ಗಮನಕ್ಕೇ ಬಂದಿರಲಿಲ್ಲ. ಚಳ್ಳಕೆರೆಯ ಸಭಾಂಗಣದಲ್ಲಿ ಮಗ್ಗವಿರಲಿಲ್ಲ. ಹಾಡು ಹಗ್ಗ ಬಿಚ್ಚಿದ ಕರುವಿನಂತೆ ಓಡಿತು. ಆ ದೋಷವನ್ನು ತಿದ್ದಲು ಬಂದ ನಾನು, ಗದ್ದಲವೆಂದು ಜರೆದು, ಅಭ್ಯಾಸದಿಂದಲೂ ಮಗ್ಗವನ್ನು ದೂರಮಾಡಿದ್ದೆ.

"ಕಾಲು ಮೇಲಕ್ಕೆ ತೆಗೆದು, ಮಡಿಸಿ ಕೂತು ಹಾಡಿ ನೋಡೋಣ," ಎಂದೆ. ಹಾಡಿದರು. ಎರಡನೆಯ ಚರಣದಲ್ಲಿ ಓಟ ಕಿತ್ತರು. "ಈಗ ನೇಯಬೇಡಿ; ಸುಮ್ಮನೆ ತುಳಿಯುತ್ತ ಹಾಡಿ." ಹಾಡು ನೆಟ್ಟ ಕಂಬದಂತೆ ನಿಂತಿತು.

"ಅಯ್ಯೋ ದೇವುಡಾ," ಎಂದರು ಪಾಲಮ್ಮ. "ತಾಳ ನಮ್ ತಿಪ್ಪನ ಕಾಲಾಗೈತೆ!"

ಪರಿಹಾರ ಹೊಳೆದದ್ದು ಸುಲಭವಾಗಿ, ಅದಕ್ಕೆ ನನ್ನ ಮನಸ್ಸು ಒಪ್ಪಿದ್ದು ಸುಲಭವಾಗಿ ಅಲ್ಲ. ವೇದಿಕೆಯ ಮೇಲೆ, ದೀಪದ ಮುಂದೆ, ಪಟದ ಮುಂದೆ, ಸಭೆಗೆ ಎದುರಾಗಿ ಕಾಲು ಇಳಿಬಿಟ್ಟು ಕೂರುವುದೇ? ನಮ್ಮ ಕಡೆ ಮಕ್ಕಳಿಗೆ ಮೊದಲ ಪಾಠವೇ ಕಾಲು ಮಡಿಸುವುದು. ಎರಡು ದಿನ ನನಗೆ ಜಪದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂರನೆಯ ದಿನ ಅಮ್ಮನವರ ಪಟಕ್ಕೆ ಹೂವೇರಿಸುವಾಗ, ಆಕೆಯ ಪೀಠಕ್ಕೆ ನಾನೇ ಹಾಸಿದ್ದ ರೇಷ್ಮೆಯ ತುಂಡಿನ ಮೇಲೆ ದೃಷ್ಟಿ ಬಿತ್ತು. ಮೊಳಕಾಲ್ಮೂರಿನದೇ ರೇಷ್ಮೆ, ನಂಜನಗೂಡಿನಲ್ಲಿದ್ದಾಗಲೇ ಕೊಂಡದ್ದು. ಅದೂ ಕಾಲಿನಿಂದ ತುಳಿದೇ ನೇಯ್ದದ್ದಲ್ಲವೇ? ತಾಯಿ ಅದನ್ನು ಒಲ್ಲೆನೆಂದಿರಲಿಲ್ಲ. ಕೈ ಮುಗಿದು ಎದ್ದು, ಬಾಬಾಜಾನರಿಗೆ ಫೋನು ಮಾಡಿದೆ.

ಅವರು ಲಾರಿಯ ಹಲಗೆಗಳಿಂದ ಒಂದೂವರೆ ಅಡಿ ಎತ್ತರದ ಪೀಠವೊಂದನ್ನು ಮಾಡಿದರು. ಮುಂಭಾಗದಲ್ಲಿ ಕಾಲು ಇಳಿಬಿಡಲು ಗುಣಿಯಂಥ ಜಾಗ, ಒಳಗೆ ಕಂಬಳಿ ಸುತ್ತಿದ ಎರಡು ತುಳಿಹಲಗೆ. ತುಳಿದರೆ ಪಕ್ಕದಲ್ಲಿ ಕೂತವರ ಮೈಗೆ ಮಾತ್ರ ತಿಳಿಯುವಷ್ಟು ಮೆಲುವಾದ ಬಡಿತ. ಎದುರಿಗೆ ಪಾಲಮ್ಮ ಒಂದು ಕೆಂಪು ಅಂಚಿನ ಬಟ್ಟೆ ಇಳಿಬಿಟ್ಟರು.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ನಡೆಸುವವರಲ್ಲೊಬ್ಬರು ಪೀಠ ನೋಡಿ ಹುಬ್ಬು ಗಂಟಿಕ್ಕಿದರು. "ಏನ್ರೀ ಇದು, ದೀಪದ ಮುಂದೆ ಕಾಲು ಇಳಿಬಿಡೋದಾ? ಚಾಪೆ ಐತಲ್ಲ?"

ತಿಪ್ಪೇಸ್ವಾಮಿ ತಲೆ ತಗ್ಗಿಸಿದರು. "ನಾನು ಹೇಳಿದ್ದು," ಎಂದೆ. "ನಾನು ಅರವತ್ತು ವರ್ಷದಿಂದ ಸಂಗೀತವನ್ನು ಪೂಜಿಸಿಕೊಂಡು ಬಂದವಳು. ದೋಷವಿದ್ದರೆ ಅದು ನನಗಿರಲಿ." ಅವರು ನನ್ನ ನೆರೆತ ತಲೆಯನ್ನೊಮ್ಮೆ ನೋಡಿ ಸರಿದು ನಿಂತರು.

ನಾನು ಹಿಂದೆ ತಂಬೂರಿ ಹಿಡಿದು ಕುಳಿತೆ. ಮೈಕಿನ ಪೆಟ್ಟಿಗೆಯ ಬಳಿ ಇದ್ದವನು ಹೋದ ಸಲದವನೇ ಎಂದು ಪಾಲಮ್ಮ ಕಣ್ಣಿನಲ್ಲೇ ತೋರಿಸಿದರು. ಮೊದಲ ಹಾಡು ಕಳೆಯಿತು, ಎರಡನೆಯದೂ ಕಳೆಯಿತು. ಮೂರನೆಯದರ ನಡುವೆ ಅವನ ಕೈ ಪೆಟ್ಟಿಗೆಯ ಕಡೆ ಹೋಯಿತು. ಪಾಲಮ್ಮನ ಸ್ವರ ಕೂದಲೆಳೆಯಷ್ಟು ನಡುಗಿತು. ಆಗ ಹಲಗೆಯ ಬಡಿತ ನನಗೂ ತಾಗಿತು. ಒಂದೇ ಸಮನೆ, ಯಾರಿಗೂ ಅಂಜದೆ, ಒಡಲು ನೇಯುವಂತೆ. ಬಾಬಾಜಾನರ ಢೋಲಕ್ ಅದರ ಮೇಲೆ ಭಾರ ಬಿಟ್ಟು ಕೂತಿತು. ಪಾಲಮ್ಮ ಕಣ್ಣು ಮುಚ್ಚಿ ಚರಣವನ್ನು ಎತ್ತಿದರು, ಹಾಡು ಎಲ್ಲಿತ್ತೋ ಅಲ್ಲಿಯೇ ನಡೆಯಿತು. ಅವನ ಕೈ ಮುಟ್ಟಿದ್ದು ದನಿ ಏರಿಸುವ ಗುಬುಟನ್ನು ಮಾತ್ರ. ಪಾಲಮ್ಮನ ದನಿ ಸಭೆಯ ಕೊನೆಯ ಸಾಲಿಗೂ ಮುಟ್ಟುವಂತೆ ಇನ್ನಷ್ಟು ಏರಿತು.

ಗಂಟೆ ಮುಗಿಯಿತು. ಮಂಗಳ ಹಾಡಿ ಕೈ ಮುಗಿದಾಗ ಕೊನೆಯ ಸಾಲಿನಿಂದಲೂ ಚಪ್ಪಾಳೆ ಬಂತು. ನನಗೆ ಅದು ಪ್ರಸಾದದಂತಿತ್ತು. ಮೈಕಿನವನು ವೇದಿಕೆಯ ಅಂಚಿಗೆ ಬಂದು ಕೇಳಿದ: "ಇನ್ನೊಂದು ಐತೇನಕ್ಕಾ? ಹಾಡು, ಮೈಕ್ ಆನ್ ಇಟ್ಟಿರ್ತೀನಿ."

"ಹೋದ ಸಲ ಆಫ್ ಮಾಡ್ದೋನು ನೀನೇ ತಾನೇ?" ಎಂದರು ಪಾಲಮ್ಮ.

"ಹೂಂ ಅಕ್ಕಾ. ಅವತ್ತು ಮಾಡಂಗೇ ಇತ್ತು."

ಪಾಲಮ್ಮ ನಕ್ಕರು. ಮೂರು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಕ್ಕು, ಇನ್ನೊಂದು ಹಾಡಿದರು.

ಈ ಬೇಸಗೆಯಲ್ಲಿ ಹದಿನೈದು ದಿನ ನಂಜನಗೂಡಿಗೆ ಹೋಗಿದ್ದೆ. ತಂಬೂರಿಯೂ ಜೊತೆಗಿತ್ತು; ಹೊಳೆಯ ಗಾಳಿಗೆ ಬಾಬಾಜಾನರ ಬೆಸುಗೆ ಉಬ್ಬಿ, ಶ್ರುತಿ ಕೂಡಿಸಲು ಅರ್ಧ ಗಂಟೆ ಹಿಡಿಯಿತು. ನಮ್ಮ ಜಗಲಿಯಲ್ಲಿ ಕೂತು ಹಾಡುವಾಗ ಕಿಟಕಿಯಾಚೆಯಿಂದ ರಾಗ ಕೇಳುವವರು ಇದ್ದರು, ಮೌನವಿತ್ತು, ಬೇಕಾದುದೆಲ್ಲವೂ ಇತ್ತು. ಆದರೆ ಅನುಪಲ್ಲವಿಯಲ್ಲಿ ನನ್ನ ಕಿವಿ ಯಾವುದನ್ನೋ ಅರಸತೊಡಗಿತು. ಈಗ ಆ ಮನೆಯಲ್ಲಿರುವ ನನ್ನ ಅಣ್ಣ ನನ್ನನ್ನೇ ನೋಡುತ್ತಿದ್ದರು.

"ತಾಳ ಕೈಯಲ್ಲಿ ಹಾಕಮ್ಮ," ಎಂದರು. "ಕಾಲು ಯಾಕೆ ಆಡಿಸ್ತಿದೀಯ?"

ಕಾಲನ್ನು ಸೀರೆಯೊಳಗೆ ಸೆಳೆದುಕೊಂಡೆ. ಹೊರಡುವ ಹಿಂದಿನ ದಿನ ಪಾಲಮ್ಮ ಫೋನು ಮಾಡಿ, "ಊರಿಗೆ ಯಾವಾಗ ಬರ್ತೀರಾ ಅಮ್ಮೋರೆ?" ಎಂದಾಗ, ಅಣ್ಣನ ಎದುರಿಗೇ, ಯಾವ ಊರಿಗೆಂದು ಕೇಳದೆ, "ನಾಳೆ" ಎಂದೆ.