ಡಾಗ್ನಿಗೊಂದು ಶಿಫಾರಸು ಪತ್ರ

ನಮ್ಮ ಪಶ್ಚಿಮ ಯೂಟ್‌ಲ್ಯಾಂಡ್ ಸೀಮೆಯವರಿಗೆ ಬೈಯುವುದು ಅಷ್ಟಾಗಿ ಬರುವುದಿಲ್ಲ. ಹೊಗಳುವುದಂತೂ ಬರುವುದೇ ಇಲ್ಲ. ಮದುವೆಯೂಟ ಅಮೃತದಂತಿದ್ದರೆ 'ಹೊಟ್ಟೆಗೇನೂ ಆಗಲಿಲ್ಲ' ಎನ್ನುತ್ತೇವೆ. ಬಾರ್ಲಿ ಹುಲುಸಾಗಿ ಬಂದರೆ 'ಇದಕ್ಕಿಂತ ಕೆಟ್ಟದ್ದನ್ನೂ ನೋಡಿದ್ದೇವೆ' ಎನ್ನುತ್ತೇವೆ. ಈ ಗುಣದಿಂದ ಯಾರಿಗೂ ತೊಂದರೆಯಾದದ್ದಿಲ್ಲ, ಡಾಗ್ನಿ ಓದಲು ಹೊರಡುವ ತನಕ.

ಡಾಗ್ನಿ ನಮ್ಮ ಬದಲಿ ಸಂಘದ ಕೆಲಸದವಳು. ಹಸು ಸಾಕುವ ಹತ್ತಾರು ಮನೆಯವರು ಸೇರಿ ಮಾಡಿಕೊಂಡ ಸಂಘ ಅದು. ಒಬ್ಬನಿಗೆ ಮಂಡಿ ಆಪರೇಷನ್, ಇನ್ನೊಬ್ಬನ ಮಗಳಿಗೆ ಮದುವೆ, ಮತ್ತೊಬ್ಬನನ್ನು ಹೆಂಡತಿ ಸ್ಪೇನಿನ ಬಿಸಿಲಿಗೆ ಎಳೆದುಕೊಂಡು ಹೋಗುತ್ತಾಳೆ; ಹಸುವಿನ ಕೆಚ್ಚಲಿಗೆ ಮಾತ್ರ ರಜೆ ಎಂಬುದಿಲ್ಲ. ಆಗ ಡಾಗ್ನಿ ಬಂದು ಕೊಟ್ಟಿಗೆ ನೋಡಿಕೊಳ್ಳುತ್ತಾಳೆ. ನಾನು ಎದೆ ಕೊಯ್ಯಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಹಸುಗಳನ್ನು ನೋಡಿಕೊಂಡವಳೂ ಅವಳೇ. ನಾನು ವಾಪಸು ಬಂದಾಗ ಅವು 'ಇವನ್ಯಾರು' ಎಂಬಂತೆ ನೋಡಿದವು. ಹೊಟ್ಟೆಕಿಚ್ಚಾಯಿತು. ಆದರೆ ಕೊಟ್ಟಿಗೆ ಉಳಿದಿತ್ತು, ನಾನೂ ಉಳಿದಿದ್ದೆ.

ಹಿಂದೆಂದೋ ಕೃಷಿ ಪದವಿ ಮುಗಿಸಿದ್ದ ಡಾಗ್ನಿಗೆ ನಲವತ್ತರ ಹೊಸ್ತಿಲಲ್ಲಿ ಕೃಷಿ ಅರ್ಥಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಆಸೆ ಹುಟ್ಟಿತು. ರೈತನ ಒಂದು ದಿನದ ಬಿಡುವಿಗೆ ಬೆಲೆ ಎಷ್ಟು, ಆ ಬೆಲೆಯನ್ನು ನಾಲ್ಕು ಮನೆ ಹಂಚಿಕೊಂಡರೆ ಯಾರ ಕೊಟ್ಟಿಗೆ ಉಳಿಯುತ್ತದೆ, ಹಂಚಿಕೊಳ್ಳದಿದ್ದರೆ ಯಾರದು ಮುಚ್ಚುತ್ತದೆ ಎಂಬುದು ಅವಳ ಪ್ರಶ್ನೆ. ಆದರೆ ಅವಳಷ್ಟು ಹಳೆಯ ಪದವಿಯವರು ಅರ್ಜಿ ಹಾಕಲು ಅದೇ ಕೊನೆಯ ವರ್ಷ. ಜೊತೆಗೆ ಕೆಲಸ ಕೊಟ್ಟವರ ಶಿಫಾರಸು ಬೇಕು.

ಶಿಫಾರಸು ಎಂದಮೇಲೆ ಅಧ್ಯಕ್ಷ ಐನರ್ ಕ್ವಿಸ್ತ್ ಬಿಟ್ಟರೆ ಇನ್ನಾರು? ಐನರ್ ಬದಲಿ ಸಂಘಕ್ಕೆ ಅಧ್ಯಕ್ಷ, ಬೇಟೆಗಾರರ ಕೂಟಕ್ಕೆ ಅಧ್ಯಕ್ಷ, ಇಬ್ಬರೇ ಸದಸ್ಯರಿರುವ ಚರ್ಚಿನ ಗಂಟೆ ದುರಸ್ತಿ ಸಮಿತಿಗೂ ಅಧ್ಯಕ್ಷ. ಅವನು ಇಂಕ್ ಪೆನ್ನು ಹುಡುಕಿ ತೆಗೆದು ಬರೆದ: 'ಡಾಗ್ನಿಯ ಮೇಲೆ ಈವರೆಗೆ ದೂರು ಬಂದಿಲ್ಲ. ಕೊಟ್ಟಿಗೆಯ ಬಾಗಿಲು ಹಾಕಲು ಮರೆಯುವುದಿಲ್ಲ. ಇಂಥವಳನ್ನು ಒಳಗೆ ಬಿಡಬಹುದು.'

ಸಭೆಯಲ್ಲಿ ಓದಿದಾಗ ಖಜಾಂಚಿ ಮೋಯೆನ್ಸ್‌ನ ಕಣ್ಣು ತೇವವಾಯಿತು.

"ಸ್ವಲ್ಪ ಜಾಸ್ತಿ ಆಗ್ಲಿಲ್ವೇನೋ ಐನರ್?"

"ಆದ್ರೆ ಆಗ್ಲಿ ಬಿಡು. ದೊಡ್ಡ ಓದಿಗೆ ಹೋಗ್ತಿದಾಳೆ."

ಕೆಲವು ವಾರ ಕಳೆದ ಮೇಲೆ, ನಾವು ಐನರ್ ಮನೆಯಲ್ಲಿ ಕಾಫಿಗೆ ಕೂತಿದ್ದಾಗ ವಿಶ್ವವಿದ್ಯಾಲಯದಿಂದ ಫೋನು ಬಂತು. ಐನರ್ ನಮಗೂ ಕೇಳಲೆಂದು ಸ್ಪೀಕರ್ ಹಾಕಿದ. ಆ ಕಡೆಯ ಹೆಂಗಸು ರಾಜಧಾನಿಯ ಮಾತಿನವಳು.

"ನಿಮ್ಮ ಪತ್ರ ಓದಿದ್ವಿ. ಇವರಿಗೆ ಸೀಟು ಕೊಡೋದು ಬೇಡ ಅಂತ ತಾನೆ ನಿಮ್ಮ ಅಭಿಪ್ರಾಯ?"

ಐನರ್‌ನ ಕೈಯಲ್ಲಿದ್ದ ಬನ್ನು ಕಾಫಿಯೊಳಗೆ ಬಿತ್ತು.

"ಬೇಡ ಅಂತ ಯಾವನು ಹೇಳ್ದ? ಅಷ್ಟು ಹೊಗಳಿದೀನಲ್ಲ."

"ಎಲ್ಲಿ? ಅವರ ಅರ್ಜೀಲಿ 'ಹಸುಗಳ ಪರಿಚಯ ಸ್ವಲ್ಪ ಇದೆ' ಅಂತಿದೆ. ನಿಮ್ಮದ್ರಲ್ಲಿ ಬಾಗಿಲು ಹಾಕ್ತಾರೆ ಅಂತಿದೆ. ನಾವು ಏನು ನೋಡಿ ಸೀಟು ಕೊಡೋಣ? ಶುಕ್ರವಾರದೊಳಗೆ ಇಬ್ಬರೂ ಬೇರೆ ಬರೆದು ಕಳಿಸಿ."

ಫೋನು ಇಟ್ಟ ಮೇಲೆ ಐನರ್ ಹೊಸ ಹಾಳೆ ತೆಗೆದ. ಡಾಗ್ನಿಯ ಸೀಟಿಗೆ ಕಲ್ಲು ಹಾಕಿದ್ದು ನಮ್ಮ ಮೆಚ್ಚುಗೆಯೇ. ಪೆನ್ನು ಕೈಯಿಂದ ಕೈಗೆ ಹೋಯಿತು. ಮೋಯೆನ್ಸ್ 'ತುಂಬಾ ಒಳ್ಳೆಯವಳು' ಎಂದು ಬರೆದು, ನಾಚಿಕೊಂಡು, 'ತುಂಬಾ'ವನ್ನು ಹೊಡೆದುಹಾಕಿದ. ನಾನು 'ಅದ್ಭುತ' ಎಂದು ಬರೆಯೋಣವೇ ಎಂದೆ.

"ಯಾರ ಹೆಣದ ಮುಂದೆ ಭಾಷಣ ಮಾಡ್ತಿದೀಯ?" ಎಂದ ಐನರ್.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಗೇರ್ಡಾ ಕಾಫಿ ಫ್ಲಾಸ್ಕನ್ನು ಮೇಜಿನ ಮೇಲೆ ಕುಕ್ಕಿದಳು. "ಹೊಗಳೋಕೆ ಬರಲ್ಲ ಅಂದ್ರೆ ಬಿಟ್ಹಾಕಿ. ನಡೆದಿದ್ದನ್ನ ಹೇಳೋಕೆ ನಿಮಗೇನು ರೋಗ? ಐನರ್, ನಾನು ಆಸ್ಪತ್ರೇಲಿದ್ದ ಚಳಿಗಾಲ ನೀನೇನು ಮಾಡೋಕೆ ಹೊರಟಿದ್ದೆ?"

ಐನರ್ ಕಿಟಕಿಯಾಚೆ ನೋಡಿದ. ಅವನ ಅಧ್ಯಕ್ಷಗಿರಿಗಳೆಲ್ಲ ಒಂದೊಂದಾಗಿ ಕೆಳಗಿಳಿದಂತೆ ಕಂಡಿತು.

"ಹಸು ಎಲ್ಲಾ ಮಾರ್ಬಿಡೋಣ ಅಂತ ದಲ್ಲಾಳೀನ ಕರೆಸಿದ್ದೆ. ಡಾಗ್ನಿ ಬಂದು ಅವನನ್ನ ಗೇಟಲ್ಲೇ ನಿಲ್ಲಿಸಿದ್ಲು. 'ಮಾರೋದಾದ್ರೆ ಮಾರು ಐನರ್, ಆದ್ರೆ ನಿದ್ದೆಗೆಟ್ಟು ಮಾರ್ಬೇಡ. ಒಂದು ವಾರ ಮಲ್ಕೋ, ಆಮೇಲೆ ಯೋಚನೆ ಮಾಡು' ಅಂದ್ಲು. ಮಲ್ಕೊಂಡೆ. ಹಸು ಇನ್ನೂ ಇವೆ."

"ಅದನ್ನೇ ಬರಿ," ಎಂದಳು ಗೇರ್ಡಾ.

ಅದನ್ನೇ ಬರೆದ. ನನ್ನ ಎದೆಯ ಆಪರೇಷನ್ನಿನ ಸಂಗತಿಯೂ ಸೇರಿತು. ಅವಳು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಕೊಟ್ಟಿಗೆ ಇಂದು ಖಾಲಿ ಬಿದ್ದಿರುತ್ತಿದ್ದವು ಎಂದು ಬೆರಳು ಮಡಚುತ್ತಾ ಹೋದೆವು. ಎರಡನೆಯ ಕೈಯೂ ಬೇಕಾಯಿತು. ಇಷ್ಟು ವರ್ಷ ಇದನ್ನು ಅವಳಿಗೂ ಹೇಳಿರಲಿಲ್ಲ, ನಮ್ಮ ನಮ್ಮಲ್ಲೂ ಆಡಿಕೊಂಡಿರಲಿಲ್ಲ. ಅತ್ತ ಗೇರ್ಡಾ ಡಾಗ್ನಿಗೆ ಫೋನು ಮಾಡಿ, "'ಸ್ವಲ್ಪ ಪರಿಚಯ' ಅಂತ ಇನ್ನೊಂದು ಸಲ ಬರೆದ್ರೆ ನನ್ನ ಮನೆ ಹೊಸ್ತಿಲು ತುಳೀಬೇಡ" ಎಂದು ಗದರಿದಳು. ಐನರ್ ಪತ್ರದ ಕೊನೆಗೆ ತನ್ನ ಮೂರೂ ಹುದ್ದೆ ನಮೂದಿಸಿದ. ಅಷ್ಟೆಲ್ಲ ಒಪ್ಪಿಕೊಂಡವನಿಗೆ ಇಷ್ಟೂ ಬೇಡವೇ ಎಂದು ನಾವು ತಡೆಯಲಿಲ್ಲ.

ಸೀಟು ಸಿಕ್ಕಿತು.

ಸಿಕ್ಕಿದ ಮೇಲೆ ಹೊಳೆದದ್ದು ಏನೆಂದರೆ, ಬದಲಿಯವಳಿಗೇ ಈಗ ಬದಲಿ ಬೇಕು. ಹೊಸಬರು ಸಿಗುವ ತನಕ ಒಬ್ಬರ ಕೊಟ್ಟಿಗೆಯನ್ನು ಒಬ್ಬರು ನೋಡಿಕೊಳ್ಳುವುದೆಂದು ಗೊತ್ತುಮಾಡಿಕೊಂಡೆವು. ನಾನು ಬಾಣಂತಿ ಸೊಸೆಯನ್ನು ನೋಡಲು ಹೋದ ದಿನ ನನ್ನ ಕೊಟ್ಟಿಗೆಗೆ ಬಂದವನು ಸ್ವತಃ ಅಧ್ಯಕ್ಷ. ಬಂದ ಸ್ವಲ್ಪ ಹೊತ್ತಿಗೇ ಅವನು ಡಾಗ್ನಿಗೆ ಫೋನು ಹಚ್ಚಿದ್ದು ಆಮೇಲೆ ಅವಳ ಬಾಯಿಂದಲೇ ತಿಳಿಯಿತು.

"ಐನರ್, ಕ್ಲಾಸಲ್ಲಿದೀನಿ."

"ಗೊತ್ತು. ಈ ಕಪ್ಪು ಹಸು ಹಾಲು ಕರೆಯೋ ಮಿಷನ್ ಹಚ್ಚೋಕೆ ಬಿಡ್ತಿಲ್ಲ."

"ಅದಕ್ಕೇನು ಹೇಳ್ದೆ?"

"ನಾನು ಯಾರು ಅಂತ ಹೇಳ್ದೆ."

"ಅದನ್ನ ಹೇಳ್ಬೇಡ. ಸುಮ್ನೆ ಪಕ್ಕ ನಿಂತ್ಕೊಂಡು ಬೆನ್ನು ಸವರು."

ಅವಳು ಫೋನು ಕಟ್ ಮಾಡಲು ಮರೆತಳಂತೆ. ಐನರ್ ಹಸುವಿನ ಬೆನ್ನು ಸವರುತ್ತಾ, ಫೋನು ಕಿವಿಗೊತ್ತಿಕೊಂಡು, ಹಾಲಿನ ಬೆಲೆ ಏರಿಳಿತದ ಪಾಠವನ್ನು ಪೂರ್ತಿ ಕೇಳಿದ. ಈಗ ಸಭೆಗಳಲ್ಲಿ 'ನಾವು ವಿಶ್ವವಿದ್ಯಾಲಯದಲ್ಲಿ ಹೇಳುವ ಹಾಗೆ' ಎಂದೇ ಮಾತು ಶುರುಮಾಡುತ್ತಾನೆ.

ಆ ಸಂಜೆ ನಾನು ಮರಳಿದಾಗ ಹಾಲು ಎಂದಿಗಿಂತ ಕಡಿಮೆಯೇ ಇತ್ತು, ಐನರ್‌ನ ಪ್ಯಾಂಟಿನ ಮೇಲೆ ಸಗಣಿ ಎಂದಿಗಿಂತ ಹೆಚ್ಚೇ ಇತ್ತು. ನಾನು ಅವನ ಮುಖ ನೋಡಿಕೊಂಡೇ, ಬಾಯಿಬಿಟ್ಟು, "ನೀನು ಬಂದಿದ್ದಕ್ಕೆ ನನಗೆ ತುಂಬಾ ಸಂತೋಷ ಆಯ್ತು" ಎಂದೆ. ಇಬ್ಬರಿಗೂ ವಿಪರೀತ ಮುಜುಗರವಾಯಿತು. ಸ್ವಲ್ಪ ಹೊತ್ತು ಹವಾಮಾನದ ಬಗ್ಗೆ ಮಾತಾಡಿ ಸುಧಾರಿಸಿಕೊಂಡೆವು.