ಅರಶಿನಕ್ಕೂ ಊರು ಕೇಳಿದ ಬಟ್ಟೆ

ಮೂರು ವಾರದ ಹಿಂದೆ ಒಂದು ಮಂಗಳವಾರ ನಾನು ಇಪ್ಪತ್ತು ಹೊಸ ಬಟ್ಟೆಗಳ ಮೂಲೆಗೆ ಅರಶಿನ ಹಚ್ಚಿದೆ. ಒಳ್ಳೆಯದಾಗಲಿ ಅಂತಲೇ ಹಚ್ಚಿದ್ದು. ಸೊಸೆಯ ಮುಖ ನೋಡಿದ ಮೇಲೆ ಗೊತ್ತಾಯಿತು, ಅಷ್ಟೇನೂ ಒಳ್ಳೆಯದಾಗಿಲ್ಲ ಅಂತ.

ಸೊಸೆ ಪ್ರಮೀಳಾ ಮೂಡುಬಿದಿರೆಯಲ್ಲಿ ಹೊಲಿಗೆ ಘಟಕ ನಡೆಸುವ ಸಂಗತಿ ನಿಮಗೆ ಈ ಅಂಕಣದಲ್ಲಿ ಮುಂಚೆಯೂ ಹೇಳಿದ್ದುಂಟು. (ಕೇಳಿ ಕೇಳಿ ಬೇಜಾರಾದವರು ಕ್ಷಮಿಸಿ, ನನಗಿರುವುದು ಒಬ್ಬಳೇ ಸೊಸೆ.) ಹಳೆಯ ಮನೆಯೊಂದರ ಚಾವಡಿಯಲ್ಲಿ ಹದಿನಾಲ್ಕು ಮೆಷಿನ್, ಹದಿನಾಲ್ಕು ಹೆಂಗಸರು. ಹೊಲಿಯುವುದು ಎಳೆ ಮಕ್ಕಳನ್ನು ಸುತ್ತುವ ಹತ್ತಿ ಬಟ್ಟೆ. ಬಣ್ಣ ಇಲ್ಲ, ಬ್ಲೀಚ್ ಇಲ್ಲ, ಮಜ್ಜಿಗೆಯ ಹಾಗಿನ ಬಿಳಿ. ಕೊಳ್ಳುವುದು ಯುರೋಪಿನ ಒಂದು ಕಂಪನಿ. ಒಂದೇ ಕಂಪನಿ, ಅದನ್ನು ನೆನಪಿಡಿ.

ಆ ಕಂಪನಿಯಿಂದ ಒಂದು ಮೇಲ್ ಬಂತು. ಇನ್ನು ಕೆಲವು ವರ್ಷಗಳಲ್ಲಿ ಅಲ್ಲಿ ಮಾರುವ ಬಟ್ಟೆಗೂ ಡಿಜಿಟಲ್ ಪಾಸ್‌ಪೋರ್ಟ್ ಬೇಕಾಗುತ್ತದಂತೆ. ಹತ್ತಿ ಬೆಳೆದದ್ದು ಎಲ್ಲಿ? ನೂಲು ತೆಗೆದದ್ದು ಎಲ್ಲಿ? ನೇಯ್ದದ್ದು, ಹೊಲಿದದ್ದು ಎಲ್ಲಿ? ಮೇಲಿಂದ ಏನು ಹಾಕಿದ್ದೀರಿ? ಹರಿದರೆ ಸರಿ ಮಾಡುವುದು ಹೇಗೆ? ಒಂದೊಂದು ತುಂಡಿಗೂ ಅದರದ್ದೇ ಜಾತಕ. "ಈಗಲೇ ತಯಾರಾದವರ ಜೊತೆ ನಾವು ಮುಂದುವರಿಯುತ್ತೇವೆ. ಇಪ್ಪತ್ತು ಸ್ಯಾಂಪಲ್ ಕಳಿಸಿ" ಎಂದು ಬರೆದಿದ್ದರು. ತಯಾರಾಗದವರ ಗತಿ ಬರೆದಿರಲಿಲ್ಲ. ಬರೆಯಬೇಕಾ?

ನನಗೇ ಪಾಸ್‌ಪೋರ್ಟ್ ಇಲ್ಲ. ಮಗು ಉಚ್ಚೆ ಹೊಯ್ಯುವ ಬಟ್ಟೆಗೆ ಪಾಸ್‌ಪೋರ್ಟ್! ನಾನು ಎರಡು ದಿನ ನಗಾಡಿದೆ.

ಮಂಗಳೂರಿನಿಂದ ಅಶ್ವಿನಿ ಎಂಬ ಹುಡುಗಿ ಬಂದ ಮೇಲೆ ನಗು ನಿಂತಿತು. ಪಾಸ್‌ಪೋರ್ಟ್ ಅಡಗಿರುವ ಟ್ಯಾಗ್ ಹಾಕುವುದು, ವಿವರ ತುಂಬುವುದು, ಎಲ್ಲ ಕಲಿಸಿಕೊಡಲಿಕ್ಕೆ ಬಂದವಳು. ಅವಳು ತಂದ ಟ್ಯಾಗ್ ಹೆಬ್ಬೆರಳಿನ ಉಗುರಿನಷ್ಟು ಬಟ್ಟೆಪಟ್ಟಿ. ಅದರೊಳಗೆ ಸಾಸಿವೆಗಿಂತಲೂ ಸಣ್ಣ ಚಿಪ್.

"ಬ್ಯಾಟರಿ ಎಲ್ಲುಂಟು ಮಗಾ?" ಕೇಳಿದೆ.

"ಬ್ಯಾಟರಿ ಇಲ್ಲ ಅಜ್ಜಿ. ಫೋನ್ ಹತ್ತಿರ ತಂದ್ರೆ ಅದಕ್ಕೆ ಎಚ್ಚರ ಆಗ್ತದೆ. ಮತ್ತೆ ಪುನಃ ನಿದ್ರೆ."

"ನಮ್ಮವರ ಹಾಗೆ" ಅಂದೆ. (ನಮ್ಮವರು ಈಗಿಲ್ಲ. ಇದ್ದಿದ್ದರೆ ಒಪ್ಪುತ್ತಿದ್ದರು.)

ಅಂಚಿನ ಹೊಲಿಗೆಯೊಳಗೆ ಅಡಗಿಸಿದ ಆ ಟ್ಯಾಗ್‌ಗೆ ನನ್ನ ಫೋನ್ ತಾಗಿಸಿದೆ. ಟುಂಯ್ ಎಂದಿತು. ಪುಟ ತೆರೆಯಿತು. ಹತ್ತಿ ಧಾರವಾಡದ ಕಡೆಯದು. ನೂಲು ಇಂಥಲ್ಲಿ. ನೇಯ್ಗೆ ಇಂಥಲ್ಲಿ. ಹೊಲಿಗೆ ಮೂಡುಬಿದಿರೆ. ಬಟ್ಟೆ ಮುಟ್ಟಿದರೆ ಹೊಲ ಕಾಣುತ್ತದೆ! ಎಪ್ಪತ್ತೊಂದು ವರ್ಷ ಬಟ್ಟೆ ಉಟ್ಟಿದ್ದೇನೆ, ಒಗೆದಿದ್ದೇನೆ, ಮಡಚಿದ್ದೇನೆ. ಒಂದಾದರೂ ತನ್ನ ಊರು ಹೇಳಿತ್ತಾ? ನನ್ನ ಮದುವೆ ಸೀರೆ ಯಾವ ಅಂಗಡಿಯದ್ದು ಎಂದು ಗೊತ್ತುಂಟು. ನೇಯ್ದ ಕೈ ಯಾವುದು? ಗೊತ್ತಿಲ್ಲ. ನಾನು ಕೇಳಿದ್ದೂ ಇಲ್ಲ.

ಹಾಗಾಗಿ ಪಾರ್ಸೆಲ್ ಹೋಗುವ ದಿನ, ಅದೇ ಮಂಗಳವಾರ, ನಮ್ಮೂರು ವೇಣೂರಿನಿಂದ ಬೆಳಗಿನ ಬಸ್ಸಿಗೆ ಸೊಸೆಯ ಜೊತೆ ನಾನೂ ಹತ್ತಿದೆ. ಫೋನ್ ಕುಟ್ಟಲಿಕ್ಕೆ ಹೊಸತಾಗಿ ಕಲಿತ ಬೆರಳು ಕೆಲಸ ಬೇಕೆಂದು ತುರಿಸುತ್ತಿತ್ತು. ಪ್ರಮೀಳಾ ಕೆಲಸ ಕೊಟ್ಟಳು. ಇಪ್ಪತ್ತು ಬಟ್ಟೆಗೂ ಫೋನ್ ತಾಗಿಸಿ ಪುಟ ಸರಿ ತೆರೆಯುತ್ತದಾ ನೋಡುವುದು.

ನೋಡಿದೆ. ಎಲ್ಲವೂ ತೆರೆದವು. ಅಷ್ಟರಲ್ಲಿ ನನಗೊಂದು ಕೊರತೆ ಕಂಡಿತು.

ಎಳೆ ಮಗುವಿನ ಮೈಗೆ ಹೋಗುವ ಹೊಸ ಬಟ್ಟೆ. ಮೂಲೆಗೆ ಅರಶಿನ ಮುಟ್ಟಿಸದೆ ಕೊಡುವುದಾ? ನಮ್ಮಲ್ಲಿ ದೊಡ್ಡವರೇ ಹೊಸ ಬಟ್ಟೆಯನ್ನು ಅರಶಿನದ ಬೊಟ್ಟು ಇಡದೆ ಉಡುವುದಿಲ್ಲ. ಅರಶಿನದ ಡಬ್ಬಿ ನನ್ನ ಚೀಲದಲ್ಲಿ ಯಾವಾಗಲೂ ಉಂಟು. ಬಾಟಲಿಯಿಂದ ಎರಡು ಹನಿ ನೀರು. ಇಪ್ಪತ್ತು ಬೊಟ್ಟು. ಐದು ನಿಮಿಷದ ಕೆಲಸ.

ಮಡಚಲಿಕ್ಕೆ ಬಂದದ್ದು ಗುಲಾಬಿ. ಘಟಕದಲ್ಲಿ ಎಲ್ಲರಿಗಿಂತ ಹಳಬಳು, ಬಾಯಿಯೂ ಎಲ್ಲರಿಗಿಂತ ಜೋರು.

"ಅಕ್ಕಾ, ಇದೆಂಥದು ಹಳದಿ?"

"ಅರಶಿನ."

"ಎಲ್ಲದಕ್ಕೂ?"

"ಒಂದಕ್ಕೆ ಹಚ್ಚಿ ಒಂದಕ್ಕೆ ಬಿಡ್ಲಿಕ್ಕೆ ಆಗ್ತದಾ?"

ಅವಳು ಒಂದು ಬಟ್ಟೆ ಎಳಕೊಂಡು ಹಿಂದಿನ ಒಗೆಯುವ ಕಲ್ಲಿಗೆ ಓಡಿ ಸೋಪು ತಿಕ್ಕಿದಳು. ಹಳದಿ ಹೋಗಲಿಲ್ಲ. ಕುಂಕುಮದ ಹಾಗೆ ಕೆಂಪಾಯಿತು.

"ಅರಶಿನಕ್ಕೆ ಸೋಪು ತಾಗಿಸ್ಬಾರ್ದು ಅಂತ ಗೊತ್ತಿಲ್ವಾ ನಿಂಗೆ?"

"ಪಾರ್ಸೆಲಿಗೆ ಬೊಟ್ಟು ಇಡ್ಬಾರ್ದು ಅಂತ ನಿಮಗೆ ಗೊತ್ತಿಲ್ವಾ?"

ಗಲಾಟೆ ಕೇಳಿ ಪ್ರಮೀಳಾ ಬಂದಳು. ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. "ಅತ್ತೆ, ಕೊರಿಯರ್‌ನವ ನಾಲ್ಕು ಗಂಟೆಗೆ ಬರ್ತಾನೆ. ಟ್ಯಾಗ್ ತರಿಸಿದ್ದು ಇಪ್ಪತ್ತೇ. ಬೇರೆ ಹೊಲಿಲಿಕ್ಕೂ ಇಲ್ಲ" ಅಂದಳು. ಒಳಗೆ ಮೆಷಿನ್‌ಗಳೆಲ್ಲ ಒಮ್ಮೆಗೇ ನಿಂತವು.

"ಬಿಸಿಲಿಗೆ ಹಾಕುವ" ಅಂದೆ. ಅರಶಿನವನ್ನು ಓಡಿಸುವುದು ಬಿಸಿಲೊಂದೇ, ಇದು ನನಗೆ ಖಂಡಿತ ಗೊತ್ತುಂಟು. ಇಪ್ಪತ್ತನ್ನೂ ಬರೀ ನೀರಿನಲ್ಲಿ ಅದ್ದಿ ಕಲ್ಲಿಗೆ ಬಡಿದೆ. ಸೋಪು ಪೂರ್ತಿ ಹೋದ ಮೇಲೆ ಕೆಂಪೂ ಪುನಃ ಹಳದಿಯಾಯಿತು. ಅಂಗಳದಲ್ಲಿ ಸೆಕೆಗಾಲದ ಬಿಸಿಲು ದೋಸೆ ಕಾವಲಿಯಂತೆ ಕಾದಿತ್ತು. ಎರಡೂವರೆಗೆ ನೋಡಿದರೆ, ಬೊಟ್ಟು ಇಟ್ಟವಳು ಹುಡುಕಿದರೆ ಮಾತ್ರ ಸಿಗುವಷ್ಟು ಬಾಕಿ.

ಆದರೆ ಟ್ಯಾಗ್? ನಾನು ಬಡಿದದ್ದು ಸಾಮಾನ್ಯ ಬಡಿತ ಅಲ್ಲ. ನಮ್ಮವರ ಶರ್ಟಿನ ಗುಂಡಿ ನನ್ನ ಕೈಯಲ್ಲಿ ಒಂದು ತಿಂಗಳು ಬಾಳಿದ್ದಿಲ್ಲ. ಹೆದರಿ ಹೆದರಿ ಫೋನ್ ತಾಗಿಸಿದೆ.

ಟುಂಯ್.

ಇಪ್ಪತ್ತೂ ಟುಂಯ್. ನೀರು, ಕಲ್ಲು, ಬಿಸಿಲು, ನಾನು, ಎಲ್ಲವನ್ನೂ ತಡೆದುಕೊಂಡು ಆ ಸಾಸಿವೆ ಮೊದಲಿನ ಹಾಗೇ ಧಾರವಾಡ, ಮೂಡುಬಿದಿರೆ ಎನ್ನುತ್ತಿತ್ತು. ನನಗೆ ಕೈ ಮುಗಿಯಬೇಕೆನಿಸಿತು. ಅದರ ಕೆಳಗೆ ಇನ್ನೊಂದು ಸಾಲು. "ಮೇಲಿಂದ ಸೇರಿಸಿದ್ದು: ಏನೂ ಇಲ್ಲ."

"ಕಾಣೋದಿಲ್ಲ ಅಲ್ವಾ? ಹಾಗೇ ಕಳಿಸುವ. ಯಾರಿಗೆ ಗೊತ್ತಾಗ್ತದೆ?" ಅಂದೆ.

ಪ್ರಮೀಳಾ ಆ ಸಾಲನ್ನೇ ನೋಡುತ್ತಿದ್ದಳು. "ಅತ್ತೆ, ಇಷ್ಟೆಲ್ಲ ಒದ್ದಾಡಿದ್ದು ಇದ್ದದ್ದನ್ನು ಇದ್ದ ಹಾಗೆ ಹೇಳ್ಲಿಕ್ಕೆ ಅಲ್ವಾ? ಮೊದಲಿನ ಇಪ್ಪತ್ತರಲ್ಲೇ ಸುಳ್ಳು ಹೇಳುದಾದ್ರೆ ಟ್ಯಾಗ್ ಎಂತಕ್ಕೆ?"

ಅಶ್ವಿನಿಗೆ ಫೋನ್ ಹೋಯಿತು. ಸ್ಪೀಕರಿನಲ್ಲಿ ಅವಳು ಹೇಳಿದಳು, "ಸೇರಿಸ್ಬಹುದು ಅಕ್ಕ. ಆದ್ರೆ ಒಮ್ಮೆ ಸಬ್ಮಿಟ್ ಕೊಟ್ರೆ ಅಳಿಸ್ಲಿಕ್ಕೆ ಆಗುದಿಲ್ಲ. ತಿದ್ದಿದ್ರೂ ಹಳತು ಕೆಳಗೆ ಕಾಣ್ತಾ ಇರ್ತದೆ. ಹಚ್ಚಿದವರೇ ತುಂಬಿಸ್ಲಿ."

ಹಚ್ಚಿದವಳ ಕೈಗೆ ಫೋನ್ ಬಂತು. ಕನ್ನಡದಲ್ಲಿ ಕುಟ್ಟಿದರೆ ಸಾಕು, ಆಚೆಯವರು ಅವರ ಭಾಷೆಯಲ್ಲಿ ಓದುತ್ತಾರಂತೆ. ಒಂದೇ ಬೆರಳಲ್ಲಿ ಶುರು ಮಾಡಿದೆ. ಏನು ಸೇರಿಸಿದ್ದು? ಅರಶಿನ. ಎಷ್ಟು? ಒಂದು ಬೊಟ್ಟು. ಯಾಕೆ? ಮಗುವಿಗೆ ಒಳ್ಳೆಯದಾಗಲಿ ಅಂತ. ಎಲ್ಲಿಂದ ಬಂದದ್ದು?

ಬೆರಳು ನಿಂತಿತು.

"ಎಂತ ಯೋಚನೆ? ನಮ್ಮ ಹಿತ್ತಿಲಿನದ್ದು ಅಂತ ಹಾಕಿ ಅತ್ತೆ. ಅದೊಂದು ಪುಣ್ಯ, ಮನೆಯದ್ದೇ ಆದದ್ದು" ಅಂದಳು ಪ್ರಮೀಳಾ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯ ಅರಶಿನಕ್ಕೆ ದೊಡ್ಡ ಹೆಸರುಂಟು. ಬೇಯಿಸಿ, ಒಣಗಿಸಿ, ಪುಡಿ ಮಾಡಿ ನಾನು ಪ್ರತಿ ವರ್ಷ ನೆಂಟರಿಗೆ ಹಂಚುತ್ತೇನೆ. ಅಳದಂಗಡಿಯ ತಂಗಿಯಂತೂ "ಅಕ್ಕನ ಅರಶಿನದ ಪರಿಮಳ ಅಂಗಡಿಯದ್ದಕ್ಕೆ ಎಲ್ಲಿ ಬರ್ತದೆ" ಎಂದು ಊರಿಡೀ ಹೇಳಿಕೊಂಡು ತಿರುಗುತ್ತಾಳೆ. ಮೂರು ವರ್ಷದ ಹಿಂದೆ ಗುಡ್ಡೆಯಿಂದ ಇಳಿದ ಕಾಡುಹಂದಿಗಳು ಹಿತ್ತಿಲಿನ ಅರಶಿನದ ಪಾತಿಯನ್ನು ಬುಡಸಮೇತ ಉತ್ತು ಹಾಕಿದವು. ಒಂದು ಗಡ್ಡೆ ಉಳಿಯಲಿಲ್ಲ. ಹೆಸರು ಮಾತ್ರ ಉಳಿಯಿತು. ಅದನ್ನು ಬಿಡುವುದಾ? ಅಂಗಡಿಯಿಂದ ಪ್ಯಾಕೆಟ್ ತಂದೆ, ಹಳೇ ಭರಣಿಗೆ ಸುರಿದೆ, ಪ್ಯಾಕೆಟನ್ನು ಬಚ್ಚಲ ಒಲೆಗೆ ಹಾಕಿದೆ. ಬೆಳಿಗ್ಗೆ ಹೋಗಿ ಕತ್ತಲಾದ ಮೇಲೆ ಬರುವ ಸೊಸೆಗೂ ಗೊತ್ತಿಲ್ಲ, ಪುನಃ ನೆಟ್ಟೆ ಅಂದದ್ದನ್ನು ನಂಬಿದ್ದಳು.

ಬಾಯಲ್ಲಿ ಮೂರು ವರ್ಷ ಸುಳ್ಳು ಹೇಳಿದವಳಿಗೆ ಎರಡು ಪದ ಕುಟ್ಟುವುದು ಏನು ಕಷ್ಟ? ಆದರೆ ಯಾವುದೋ ದೇಶದ ಒಬ್ಬ ತಾಯಿ ಕಣ್ಣ ಮುಂದೆ ಬಂದಳು. ಮಗುವನ್ನು ಸುತ್ತುವ ಮೊದಲು ಫೋನ್ ತಾಗಿಸುತ್ತಾಳೆ. ಟುಂಯ್. ನಾನು ಬರೆದದ್ದನ್ನು ಓದುತ್ತಾಳೆ, ನಂಬುತ್ತಾಳೆ. ಅಳಿಸಲಿಕ್ಕೂ ಆಗುವುದಿಲ್ಲ.

ಕುಟ್ಟಿದೆ. "ಅಂಗಡಿಯ ಪ್ಯಾಕೆಟ್."

"ಅತ್ತೆ!"

"ಹಾಗಾದ್ರೆ ಕಳೆದ ದೀಪಾವಳಿಗೆ ನಂಗೆ ಕೊಟ್ಟದ್ದು?" ಗುಲಾಬಿ ಕೇಳಿದಳು.

"ಅದೂ."

"ದೇವರ ಕೋಣೆಗೆ ಅಂತ ಬೇರೆ ತೆಗೆದಿಟ್ಟಿದ್ದೆ ಮಾರ್ರೆ!"

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಪ್ರಮೀಳಾ ಕಣ್ಣು ಒರೆಸಿಕೊಂಡು, "ಪ್ಯಾಕೆಟ್ ಉಂಟಾ? ಬ್ಯಾಚ್ ನಂಬರ್ ಕೇಳ್ತದೆ" ಅಂದಳು. ಒಲೆಗೆ ಹಾಕಿದ್ದನ್ನೂ ಹೇಳಬೇಕಾಯಿತು. ಸ್ಪೀಕರಿನಿಂದ ಅಶ್ವಿನಿ, "ಹಾಗಾದ್ರೆ ಗೊತ್ತಿಲ್ಲ ಅಂತಲೇ ಬರೀರಿ ಅಜ್ಜಿ" ಅಂದಳು. ಬರೆದೆ. ನಾಲ್ಕು ಗಂಟೆಗೆ ಪಾರ್ಸೆಲ್ ಹೋಯಿತು.

ಮೊನ್ನೆ ಉತ್ತರ ಬಂತು. ಗೊತ್ತಿಲ್ಲದ ಪದಾರ್ಥ ತಾಗಿದ್ದರಿಂದ ಈ ಇಪ್ಪತ್ತು ಬಟ್ಟೆ ಮಕ್ಕಳಿಗೆ ಆಗುವುದಿಲ್ಲ. ಇನ್ನೊಮ್ಮೆ ಇಪ್ಪತ್ತು ಕಳಿಸಿ, ಕಾಯುತ್ತೇವೆ. ಪಾಸ್‌ಪೋರ್ಟ್ ಬರೆಯುವ ಕ್ರಮವನ್ನು ಮಾತ್ರ ಬದಲಿಸಬೇಡಿ. ಪ್ರಮೀಳಾ ಅದನ್ನು ಎರಡು ಸಲ ಜೋರಾಗಿ ಓದಿ ಆಗಲೇ ಹೊಸ ಟ್ಯಾಗ್ ಕಳಿಸಲಿಕ್ಕೆ ಅಶ್ವಿನಿಗೆ ಹೇಳಿದಳು. ಈಗ ಘಟಕದ ಬಾಗಿಲಲ್ಲಿ ಗುಲಾಬಿ ನನ್ನ ಚೀಲ ತಪಾಸಣೆ ಮಾಡುತ್ತಾಳೆ.

ನನಗೆ ಇನ್ನೂ ಆಶ್ಚರ್ಯ ಇಳಿದಿಲ್ಲ. ನನ್ನ ಅತ್ತೆಗೆ ಆಗದ್ದು, ಗಂಡನಿಗೆ ಆಗದ್ದು, ಸಾಸಿವೆಗಿಂತ ಸಣ್ಣ ಒಂದು ವಸ್ತುವಿಗೆ ಆಯಿತು. ನನ್ನ ಬಾಯಿಂದ ನಿಜ ಹೊರಡಿಸಿತು!

ಅಳದಂಗಡಿಯ ತಂಗಿ ಈ ಅಂಕಣ ತಪ್ಪದೆ ಓದುತ್ತಾಳೆ. ಇಷ್ಟು ಹೊತ್ತಿಗೆ ಎದ್ದು ಅಡುಗೆಮನೆಯ ಭರಣಿ ಮೂಸುತ್ತಿರಬಹುದು. ತಂಗೀ, ಬೈಯಲಿಕ್ಕೆ ಫೋನ್ ಮಾಡುವ ಮೊದಲು ಒಂದೇ ಒಂದು ಮಾತು. ನೀನು ಪ್ರತಿ ವರ್ಷ "ನಾನೇ ಒತ್ತಿದ್ದು" ಎಂದು ಕಳಿಸುವ ಆ ಹಲಸಿನ ಹಪ್ಪಳಕ್ಕೂ ಒಂದು ಟ್ಯಾಗ್ ಅಂಟಿಸುವಾ?